ಬೆಂಗಳೂರಿನ ಹೋಟೆಲುಗಳಲ್ಲಿ ನಮ್ಮ ಒಲೆ ಎಲ್ಲಿ?

ಬೆಂಗಳೂರಿನ ಹೋಟೆಲುಗಳ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಬರೆದವರೆಲ್ಲ ಬರೀ ನಾಲಿಗೆಯಿಂದ ಬರೆದಿರುತ್ತಾರೆ. ದೋಸೆಯ ಗರಿ, ತುಪ್ಪದ ವಾಸನೆ, ಡಿಕಾಕ್ಷನ್ನಿನ ಘಮ, ಹತ್ತು ಜನರ ಆರ್ಡರನ್ನು ಚೀಟಿ ಇಲ್ಲದೆ ನೆನಪಿಟ್ಟುಕೊಳ್ಳುತ್ತಿದ್ದ ಮಾಣಿ, ಇವೇ. ಒಲೆಯ ಮುಂದೆ ಯಾರು ನಿಂತಿದ್ದರು, ಎಂಜಲು ತಟ್ಟೆ ಯಾರು ಎತ್ತಿದರು, ಬೋರ್ಡಿನ ಮೇಲೆ ಯಾರ ಜಾತಿ ಬರೆದಿತ್ತು ಅಂತ ಕೇಳಿದವರು ಕಡಿಮೆ. ಸಾಹಿತ್ಯದಲ್ಲಿ 'ಶುದ್ಧ ಕಾವ್ಯ' ಅಂತ ಒಂದು ಮಾತಿತ್ತಲ್ಲ, ಹಾಗೆ ಇದು 'ಶುದ್ಧ ರುಚಿ'. ಈ ಶುದ್ಧ ರುಚಿಯಲ್ಲಿ ನನಗೆ ನಂಬಿಕೆ ಇಲ್ಲ. ಕವಿತೆಯನ್ನು ಓದುವ ಹಾಗೆಯೇ ಹೋಟೆಲನ್ನೂ ಓದಬೇಕು. ಅದು ಹೇಳಿದ್ದನ್ನೂ ಓದಬೇಕು, ಹೇಳದೆ ಬಿಟ್ಟದ್ದನ್ನೂ ಓದಬೇಕು.

ಮೊದಲು ಹೋಟೆಲಿನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡ್ತೀನಿ, ಯಾಕಂದ್ರೆ ಅದು ಸಣ್ಣ ಮಾತಲ್ಲ. ನಮ್ಮಪ್ಪ ಹುಡುಗನಾಗಿದ್ದಾಗ ನಮ್ಮೂರ ಟೀ ಹೋಟ್ಲಿನ ಸೂರಿನಲ್ಲಿ ಕೇರಿಯವರ ತೆಂಗಿನ ಚಿಪ್ಪುಗಳನ್ನು ಸಿಕ್ಕಿಸಿರ್ತಿದ್ದರಂತೆ. ಟೀ ಬೇಕಾದವನು ತನ್ನ ಚಿಪ್ಪು ತಗೊಂಡು, ತೊಳೆದು, ದೂರ ನಿಂತು ಹಿಡೀಬೇಕು. ಮೇಲಿಂದ ಹುಯ್ಯೋರು. ಕುಡಿದು ಮತ್ತೆ ತೊಳೆದು ಅಲ್ಲೇ ಸಿಕ್ಕಿಸಬೇಕು. ಆಮೇಲೆ ಚಿಪ್ಪು ಹೋಗಿ ಗಾಜಿನ ಲೋಟ ಬಂತು, ಆದರೆ ಅದೂ ಬೇರೆ ಲೋಟ. ಅಷ್ಟೊತ್ತಿಗೆ ಸಂವಿಧಾನ ಜಾರಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ತಡೆಯುವಂತಿಲ್ಲ ಎಂದು ಅದರ 15ನೇ ವಿಧಿಯ ಎರಡನೇ ಭಾಗದಲ್ಲಿ ಬಿಡಿಸಿ ಬರೆದಿದೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು. 1976ರಲ್ಲಿ ಅದನ್ನೇ ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರಿಟ್ಟರು. ದೇಶದ ಮೂಲ ಕಾನೂನಿನಲ್ಲಿ ಹೋಟೆಲು ಅನ್ನೋ ಮಾತನ್ನು ಹೆಸರಿಡಿದು ಬರೆಯಬೇಕಾಯಿತು ಅಂದರೆ, ಅವಮಾನ ನಡೀತಿದ್ದ ಜಾಗ ಎಂಥದು ಅಂತ ಬರೆದವರಿಗೆ ಗೊತ್ತಿತ್ತು.

ಹಳ್ಳಿಯಲ್ಲಿ ಕಾನೂನು ಮಾಡಲಾರದ ಕೆಲಸವನ್ನು ಬೆಂಗಳೂರಿನಲ್ಲಿ ಜನಜಂಗುಳಿ ಮಾಡಿತು. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ ನೋಡಿ. 1943ರಿಂದ ನಡೆದುಕೊಂಡು ಬಂದಿರುವ ಹೋಟೆಲು. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಕಾಯಬೇಕು, ಒಳಗೆ ಹೋದರೆ ಗುರುತಿಲ್ಲದವರ ಜೊತೆ ಒಂದೇ ಟೇಬಲ್ಲು ಹಂಚಿಕೊಳ್ಳಬೇಕು. ಎದುರಿಗೆ ಕೂತವನು ನಮ್ಮ ಊರು ಕೇಳಲ್ಲ, ಯಾರ ಮಗ ಅಂತ ಕೇಳಲ್ಲ, ತಲೆ ಬಗ್ಗಿಸಿ ದೋಸೆ ತಿಂತಾನೆ. ಊರಿನಿಂದ ಬಂದ ನನ್ನಂಥವನಿಗೆ ಈ ಯಾರೂ ಕೇಳದಿರುವಿಕೆ ಇದೆಯಲ್ಲ, ಅದು ದೋಸೆಗಿಂತ ರುಚಿ. ಉಡುಪಿಯ ಮಠದಲ್ಲಿ ಪಂಕ್ತಿಭೇದದ ವಿರುದ್ಧ 2014ರಲ್ಲೂ ಹೋರಾಟ ಮಾಡಬೇಕಾಯಿತು. ಅದೇ ಉಡುಪಿಯ ಹೆಸರು ಹೊತ್ತ ಹೋಟೆಲುಗಳು ಬೆಂಗಳೂರಿನಲ್ಲಿ ಎಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಎಷ್ಟೋ ಕಾಲವಾಯಿತು. ದೇವರು ಕೊಡದ ಸಮಾನತೆಯನ್ನು ಗಲ್ಲಾಪೆಟ್ಟಿಗೆ ಕೊಟ್ಟಿತು.

ಇದರ ತುತ್ತತುದಿ ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಎಂಬುವರು ಕೆಫೆ ದರ್ಶಿನಿ ಶುರು ಮಾಡಿದರು. ಕುರ್ಚಿ ಇಲ್ಲ, ಬಡಿಸುವವನಿಲ್ಲ. ದುಡ್ಡು ಕೊಟ್ಟು ಚೀಟಿ ತಗೋ, ಕೌಂಟರಿನಲ್ಲಿ ಕೊಡು, ತಟ್ಟೆ ಎತ್ಕೋ, ಎತ್ತರದ ಸ್ಟೀಲು ಮೇಜಿನ ಹತ್ತಿರ ನಿಂತು ತಿನ್ನು, ಹೋಗ್ತಾ ಇರು. ಪಂಕ್ತಿಯೇ ಇಲ್ಲದ ಕಡೆ ಪಂಕ್ತಿಭೇದ ಎಲ್ಲಿಂದ ಬರಬೇಕು? ಜಾಗ ಮತ್ತು ಸಂಬಳ ಉಳಿಸುವುದಕ್ಕೆ ಹುಟ್ಟಿದ ಯೋಜನೆ ಇದು. ಸಮಾಜ ಸುಧಾರಣೆಗೆ ಯಾರೂ ದರ್ಶಿನಿ ತೆರೆಯಲಿಲ್ಲ. ಆದರೂ ಆಟೋ ಓಡಿಸುವವನೂ ಬ್ಯಾಂಕ್ ಮ್ಯಾನೇಜರನೂ ಮೊಳಕೈ ತಾಗುವಷ್ಟು ಹತ್ತಿರ ನಿಂತು ಇಡ್ಲಿ ತಿನ್ನುವ ಜಾಗ ಇದಲ್ಲದೆ ಈ ಊರಿನಲ್ಲಿ ಇನ್ನೆಷ್ಟಿವೆ?

ಇಷ್ಟು ಒಪ್ಪಿಕೊಂಡು ಈಗ ಬೋರ್ಡಿಗೆ ಬರೋಣ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಅಲ್ಲಿ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ. ಸಾಂಬಾರಿಲ್ಲ, ಚಟ್ನಿ ಮಾತ್ರ. ಚಟ್ನಿ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಲಾಲ್‌ಬಾಗಿನ ಹತ್ತಿರದ ಎಂಟಿಆರ್ ಕೂಡ 1924ರಲ್ಲಿ ಹುಟ್ಟಿದಾಗ ಬ್ರಾಹ್ಮಣರ ಕಾಫಿ ಕ್ಲಬ್ಬೇ. ಮಾವಳ್ಳಿ ಟಿಫಿನ್ ರೂಮ್ಸ್ ಅನ್ನೋ ಹೆಸರು ಆಮೇಲೆ ಬಂತು. ಹೆಸರು ಬದಲಾಯಿಸಿದ್ದರಿಂದ ಆ ಹೋಟೆಲಿಗೆ ನಷ್ಟವೇನೂ ಆಗಲಿಲ್ಲ ಅನ್ನೋದನ್ನು ಗಮನಿಸಬೇಕು. ಇನ್ನು ಬೀದಿಗೊಂದು ಅಯ್ಯಂಗಾರ್ ಬೇಕರಿ. ರೆಡ್ಡಿ ಮೆಸ್ಸು, ಗೌಡರ ಹೆಸರಿನ ನಾಟಿ ಹೋಟೆಲು, ಲಿಂಗಾಯತ ಖಾನಾವಳಿ. ಇವೆಲ್ಲ ಈ ಊರಲ್ಲಿ ಜಾತಿಯ ಹೆಸರಲ್ಲವಂತೆ, ರುಚಿಯ ಹೆಸರಂತೆ! ಹಾಗಾದರೆ ಕೇಳ್ತೀನಿ. ಹೊಲೇರ ಖಾನಾವಳಿ ಅಂತ ಒಂದು ಬೋರ್ಡು ಬರೆಸಿ ನೇತುಹಾಕಿ ನೋಡೋಣ, ಮಾದಿಗರ ಮೆಸ್ಸು ಅಂತ ಒಂದು ಬರೆಸಿ ನೋಡೋಣ. ನಾನಂತೂ ಬೆಂಗಳೂರಿನ ಯಾವ ಬೀದಿಯಲ್ಲೂ ಅಂಥದನ್ನು ಕಂಡಿಲ್ಲ. ಒಂದು ಜಾತಿಯ ಹೆಸರು ಬರೆದರೆ ಅದು ಶುಚಿಗೆ ಗ್ಯಾರಂಟಿ, ಇನ್ನೊಂದು ಜಾತಿಯ ಹೆಸರು ಬರೆದರೆ ಗಿರಾಕಿ ಬರಲ್ಲ. ಚಿಂತಕ ಚಂದ್ರಭಾನ್ ಪ್ರಸಾದ್ ಅವರು 2016ರಲ್ಲಿ 'ದಲಿತ್ ಫುಡ್ಸ್' ಅಂತಲೇ ಹೆಸರಿಟ್ಟು ಮಸಾಲೆ ಪುಡಿ, ಉಪ್ಪಿನಕಾಯಿ ಮಾರಲು ಹೊರಟರು. ನಾವು ಕುಟ್ಟಿದ ಖಾರದ ಪುಡಿ ನಿಮ್ಮ ಒಲೆಗೆ ಬರುತ್ತದಾ ಅಂತ ಆ ಹೆಸರೇ ಕೇಳುತ್ತಿತ್ತು.

ಬೋರ್ಡಿನ ಜಗಳ ಹೊಸದಲ್ಲ. 1957ರಲ್ಲಿ ಮದ್ರಾಸಿನ ತಿರುವಲ್ಲಿಕೇಣಿಯಲ್ಲಿ ಮುರಳಿ ಕೆಫೆ ಎಂಬ ಹೋಟೆಲಿನ ಬೋರ್ಡಿನಲ್ಲಿದ್ದ 'ಬ್ರಾಹ್ಮಣ' ಅನ್ನೋ ಪದ ಅಳಿಸಬೇಕು ಅಂತ ಪೆರಿಯಾರ್ ಕಡೆಯವರು ತಿಂಗಳುಗಟ್ಟಲೆ ಧರಣಿ ಮಾಡಿ ಜೈಲಿಗೆ ಹೋದರು. ಆ ಪದ ಅಳಿಸಿತು. 2024ರ ಜುಲೈನಲ್ಲಿ ಉತ್ತರ ಪ್ರದೇಶದಲ್ಲಿ ಇದಕ್ಕೆ ತದ್ವಿರುದ್ಧ ನಡೆಯಿತು. ಕಾವಡಿ ಯಾತ್ರೆಯ ದಾರಿಯಲ್ಲಿರುವ ಹೋಟೆಲಿನವರೆಲ್ಲ ಮಾಲೀಕರ ಹೆಸರು ಬರೆದು ಹಾಕಬೇಕು ಅಂತ ಆಜ್ಞೆ ಆಯಿತು. ಜುಲೈ 22ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಒಬ್ಬ ಮೇಲಾಗುವುದಕ್ಕೆ ಹೆಸರು ಬರೀತಾನೆ, ಇನ್ನೊಬ್ಬನನ್ನು ಗುರುತು ಹಿಡಿಯುವುದಕ್ಕೆ ಅವನ ಕೈಯಲ್ಲಿ ಹೆಸರು ಬರೆಸ್ತಾರೆ. ಬೋರ್ಡು ಬರೆಯುವ ಬಣ್ಣ ಎರಡಕ್ಕೂ ಒಂದೇ.

ಹಾಗಾದರೆ ಮಿಲಿಟರಿ ಹೋಟೆಲು? ಈ ಪ್ರಶ್ನೆಯನ್ನು ಗೆಳೆಯರು ಕೇಳೇ ಕೇಳ್ತಾರೆ. ಬೆಂಗಳೂರಿನ ಹಳೇ ಪೇಟೆಗಳಲ್ಲಿ, ಜಯನಗರದಲ್ಲಿ ಇವು ಎಷ್ಟೋ ತಲೆಮಾರಿನಿಂದ ಇವೆ. ಮುದ್ದೆ, ಕಾಲು ಸೂಪು, ತಲೆ ಮಾಂಸ, ಬೋಟಿ, ದೊನ್ನೆಯಲ್ಲಿ ಬಿರಿಯಾನಿ. ಇಲ್ಲಿ ಕೂತು ಉಂಡರೆ ಊರು ನೆನಪಾಗುತ್ತದೆ ನಿಜ. ಮಾಂಸ ತಿನ್ನುವವರು ಕಳ್ಳರ ಥರ ತಿನ್ನಬೇಕಿಲ್ಲ ಅಂತ ಈ ಊರಿಗೆ ತೋರಿಸಿಕೊಟ್ಟಿದ್ದು ಈ ಹೋಟೆಲುಗಳು. ಆದರೆ ಇಲ್ಲೂ ಒಂದು ಗಡಿ ಇದೆ. ಕುರಿ, ಮೇಕೆ, ಕೋಳಿ, ಅಲ್ಲಿಗೆ ನಿಂತಿತು. ನಮ್ಮ ಹಟ್ಟಿಯಲ್ಲಿ ಬಡತನದ ಕಾಲದಲ್ಲಿ ಜೀವ ಉಳಿಸಿದ್ದು ಯಾವ ಬಾಡು ಅಂತ ಎಲ್ಲರಿಗೂ ಗೊತ್ತು. ಅದು ಮಿಲಿಟರಿ ಹೋಟೆಲಿನ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ಶಿವಾಜಿನಗರದ ಗಲ್ಲಿಗೆ ಹೋಗಬೇಕು, ಇಲ್ಲವೇ ಕೇರಳದವರ ಹೋಟೆಲಿಗೆ ಹೋಗಬೇಕು. ಕೇರಳದ ಹೆಸರಿನಲ್ಲಿ, ಪರೋಟದ ಪಕ್ಕದಲ್ಲಿ, ಇಂಗ್ಲಿಷ್ ಮೆನುವಿನಲ್ಲಿ ಬಂದರೆ ಅದು ಬೀಫ್ ಫ್ರೈ, ದೊಡ್ಡ ಕಂಪನಿಗಳ ಹುಡುಗರು ಫೋಟೋ ತೆಗೆದು ಹಾಕ್ತಾರೆ. ಅದೇ ನಮ್ಮವ್ವ ಮಾಡಿದರೆ ದನದ ಬಾಡು, ಮೂಗು ಮುಚ್ಚಿಕೊಳ್ಳುತ್ತಾರೆ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧ ಕಾಯಿದೆ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದಿದ್ದಕ್ಕೆಲ್ಲ ಬಾಗಿಲು ಹಾಕಿತು. ಬಡವನ ತಟ್ಟೆಗೆ ಕಾನೂನು ಬಂದಷ್ಟು ಬೇಗ ಶ್ರೀಮಂತನ ತಟ್ಟೆಗೆ ಬರುವುದಿಲ್ಲ.

ರಾಗಿಯ ಕತೆ ಬೇರೆ. ಒಂದು ಕಾಲಕ್ಕೆ ಮುದ್ದೆ ತಿನ್ನೋದು ಹೇಳಿಕೊಳ್ಳುವ ಮಾತಾಗಿರಲಿಲ್ಲ. ಸಕ್ಕರೆ ಕಾಯಿಲೆ ಬಂತು, ಡಾಕ್ಟರು ಹೇಳಿದರು, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತು. ಈಗ ರಾಗಿ ದೋಸೆಗೆ ಹೆಚ್ಚು ರೇಟು. ರಾಗಿಗೆ ಪ್ರವೇಶ ಸಿಕ್ಕಿತು. ಬೋಟಿಗೆ ಅರ್ಧ ಬಾಗಿಲು ತೆರೆಯಿತು. ಉಪ್ಪುಕಂಡ ಇನ್ನೂ ಹೊರಗೇ ಇದೆ. ನಾನಿದ್ದ ಒಂದು ಪೀಜಿಯಲ್ಲಿ ಊರಿಂದ ತಂದ ಡಬ್ಬಿಗಳನ್ನು ಬಿಚ್ಚಿ ತೋರಿಸಿ ಒಳಗೆ ಹೋಗಬೇಕಿತ್ತು ಅಂದರೆ ಓದುಗರು ನಂಬಲಿಕ್ಕಿಲ್ಲ. ಇದು ಪೀಜಿ ಮಾಲೀಕರ ರೋಗ ಮಾತ್ರವೂ ಅಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದ ನಿಯಮಪಟ್ಟಿಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಕೂರಿಸಿದ್ದರು. ಬಾಡೂಟದ ನಾಡಿನಲ್ಲಿ! ಜನ ಎದ್ದು ಕೇಳಿದ ಮೇಲೆ ಆ ಸಾಲು ಹೋಯಿತು. ಕನ್ನಡ ಸಾಹಿತ್ಯದ ಅಡುಗೆಮನೆಯೂ ಯಾವ ಹೋಟೆಲಿನ ಮಾದರಿಯದು ಅಂತ ಇದರಿಂದ ಗೊತ್ತಾಗುತ್ತದೆ.

ಇಲ್ಲಿ ನಮ್ಮ ಗೆಳೆಯರ ಜೊತೆಗೂ ಒಂದು ಜಗಳ ಇದೆ. ದುಬಾರಿ ಹೋಟೆಲಿಗೆ ಹೋಗಿ ದನದ ಮಾಂಸ ತರಿಸಿಕೊಂಡು ತಿಂದು, ಅದನ್ನೇ ಬಂಡಾಯ ಅಂತ ತಿಳಿದವರಿದ್ದಾರೆ. ಕೂಡಿ ಉಣ್ಣುವುದರ ಅಳತೆ ಎಷ್ಟು ಅಂತ ಅಂಬೇಡ್ಕರ್ 1936ರಲ್ಲೇ 'ಜಾತಿ ವಿನಾಶ'ದಲ್ಲಿ ಹೇಳಿಬಿಟ್ಟಿದ್ದಾರೆ. ಸಹಭೋಜನದಿಂದ ಜಾತಿ ಸಾಯುವುದಿಲ್ಲ, ಅದರ ಮದ್ದು ಅಂತರ್ಜಾತಿ ಮದುವೆ ಅನ್ನೋದು ಅವರ ವಾದ. ಕೇರಳದಲ್ಲಿ ಸಹೋದರನ್ ಅಯ್ಯಪ್ಪನ್ 1917ರಲ್ಲಿ ಚೆರಾಯಿಯಲ್ಲಿ ಮಿಶ್ರಭೋಜನ ಮಾಡಿಸಿದಾಗ ಅದಕ್ಕೆ ಎದೆಗಾರಿಕೆ ಬೇಕಿತ್ತು, ಯಾಕಂದ್ರೆ ಅಲ್ಲಿ ಪಕ್ಕದಲ್ಲಿ ಕೂತವನು ಯಾರು ಅಂತ ಗೊತ್ತಿದ್ದು ಕೂತರು. ಬೆಂಗಳೂರಿನ ಹೋಟೆಲಿನಲ್ಲಿ ಪಕ್ಕದವನು ಯಾರು ಅಂತ ಗೊತ್ತಿಲ್ಲದ್ದರಿಂದ ಕೂರ್ತಾರೆ. ದಿನಕ್ಕೆ ಲಕ್ಷಾಂತರ ಜನ ಇಲ್ಲಿ ಸಹಭೋಜನ ಮಾಡ್ತಾರೆ, ಸಾಯಂಕಾಲ ಮನೆಗೆ ಹೋಗಿ ಜಾತಿ ನೋಡಿ ಮನೆ ಬಾಡಿಗೆಗೆ ಕೊಡ್ತಾರೆ.

ಆದ್ದರಿಂದ ನಾನು ಕೇಳುವ ಪ್ರಶ್ನೆ ಯಾರು ಕೂತು ತಿಂದರು ಅನ್ನೋದಲ್ಲ, ಯಾರು ಬೇಯಿಸಿದರು ಅನ್ನೋದು. ಚಿಪ್ಪಿನ ಕಾಲದಲ್ಲೂ ನಮ್ಮವರು ಹೋಟೆಲಿನ ಸೌದೆ ಒಡೆಯುತ್ತಿದ್ದರು, ಹೊರಗೆ. ಈಗಲೂ ಹಿಂಬಾಗಿಲಿಗೆ ಹೋಗಿ ನೋಡಿ. ಈರುಳ್ಳಿ ಮೂಟೆ ಇಳಿಸುವವರು, ಪಾತ್ರೆ ಉಜ್ಜುವ ಹೆಂಗಸರು, ನೆಲ ಒರೆಸುವ ಹುಡುಗರು ಎಲ್ಲಿಂದ ಬಂದವರು ಅಂತ ಮಾತಾಡಿಸಿ. ದೊಡ್ಡ ಒಲೆಯ ಹತ್ತಿರ ನಿಂತವರು ಯಾರು ಅಂತಲೂ ಕೇಳಿ. ಉಡುಪಿ, ಕುಂದಾಪುರದ ಕಡೆಯಿಂದ ಬರಿಗೈಯಲ್ಲಿ ಬಂದು ಲೋಟ ತೊಳೆದು ಮೇಲೆ ಬಂದ ಬಡ ಬ್ರಾಹ್ಮಣರ ಹುಡುಗರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಲೋಟ ತೊಳೆದ ಆ ಹುಡುಗ ಮುಂದೆ ಅಡುಗೆಯವನಾದ, ಗಲ್ಲಾದಲ್ಲಿ ಕೂತ, ಮಾಲೀಕನಾದ. ಲೋಟ ತೊಳೆದ ನಮ್ಮ ಹುಡುಗನಿಗೆ ಆ ಮೆಟ್ಟಿಲು ಯಾಕೆ ಸಿಗಲಿಲ್ಲ? ಸಾಲ ಕೊಡುವ ನೆಂಟರಿಲ್ಲ ಅನ್ನೋದು ಒಂದು ಕಾರಣ. ಅವನು ಮುಟ್ಟಿದ ಹಿಟ್ಟು ಅನ್ನೋದು ಇನ್ನೊಂದು.

2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ಶುರುವಾಯಿತು. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಕೋಷೀಸ್‌ನಂಥ ಕಡೆ ಒಂದು ಹೊತ್ತು ಕೂತು ಎದ್ದವನ ಬಿಲ್ಲಿನಲ್ಲಿ ಇಲ್ಲಿ ಒಬ್ಬ ಕೂಲಿಯವನು ಎಷ್ಟೋ ದಿನ ಉಣ್ಣಬಹುದು. ಇದನ್ನು ಭಿಕ್ಷೆ ಅಂತ ಹಂಗಿಸಿದ ಮಧ್ಯಮವರ್ಗದವರಿಗೆ ಉತ್ತರ ಕೊಡುವ ಅಗತ್ಯ ನನಗಿಲ್ಲ. ಆದರೆ ಸರ್ಕಾರವೇ ಸಾಕಿದ ಈ ಅಡುಗೆಮನೆ ಬಡವರ ಹೆಸರಿನಲ್ಲಿ ತೆರೆದು, ಬಡವರು ಮನೆಯಲ್ಲಿ ತಿನ್ನುವ ಒಂದು ಮೊಟ್ಟೆಯನ್ನೂ ಬಡಿಸದೆ ದರ್ಶಿನಿಯ ಪಟ್ಟಿಯನ್ನೇ ಕಾಪಿ ಹೊಡೆಯಿತು. ಹೆಂಗಸರ ಸಂಘಗಳಿಗೆ, ಕೇರಿಯಿಂದ ಬಂದ ಅಡುಗೆಯವರಿಗೆ ಈ ಒಲೆಗಳನ್ನು ವಹಿಸಿ, ಅವರ ಸಾರು ಊರೆಲ್ಲ ಉಣ್ಣುವ ಹಾಗೆ ಮಾಡಬಹುದಿತ್ತು. ಆ ಬೇಡಿಕೆ ನಮ್ಮ ಸಂಘಟನೆಗಳ ಕರಪತ್ರಗಳಲ್ಲಿ ಬರಬೇಕು.

ಯಾಕೆ ಈಗ ಅವಸರ ಅಂದರೆ, ಇದ್ದ ಸಹಭೋಜನವೂ ಕೈಬಿಟ್ಟು ಹೋಗ್ತಿದೆ. ನಿಂತು ತಿನ್ನುತ್ತಿದ್ದ ಬೆಂಗಳೂರು ಈಗ ಫೋನಿನಲ್ಲಿ ಒತ್ತಿ ಮನೆಗೇ ತರಿಸಿಕೊಳ್ಳುತ್ತದೆ. 2024ರ ಮಾರ್ಚ್ 19ರಂದು ಜೊಮ್ಯಾಟೊ ಕಂಪನಿ ಶುದ್ಧ ಸಸ್ಯಾಹಾರಿಗಳಿಗೆ ಬೇರೆ ಹುಡುಗರು, ಅವರಿಗೆ ಹಸಿರು ಬಟ್ಟೆ ಅಂತ ಘೋಷಿಸಿತು. ಟೀಕೆ ಬಂದ ಮೇಲೆ ಮಾರನೇ ದಿನ ಬಟ್ಟೆಯ ಬಣ್ಣ ವಾಪಸ್ಸು ತಗೊಂಡರು, ಬೇರೆ ಹುಡುಗರು ಅನ್ನೋದನ್ನು ಬಿಡಲಿಲ್ಲ. ಮಾಂಸದ ಪೊಟ್ಟಣ ಹೊತ್ತ ಚೀಲ ತಾಗಬಾರದು, ಹೊತ್ತವನೂ ತಾಗಬಾರದು ಅನ್ನೋ ಹಳೇ ಲೆಕ್ಕವೇ ಇದು, ಹೊಸ ಯಂತ್ರದ ಒಳಗೆ ಕೂತಿದೆ. ಮಧ್ಯಾಹ್ನ ಎರಡು ಗಂಟೆಗೆ ಯಾವುದೇ ದೊಡ್ಡ ಹೋಟೆಲಿನ ಪಾರ್ಸೆಲ್ ಕಿಟಕಿಯ ಮುಂದೆ ನೋಡಿ, ಆ ಹುಡುಗರು ಬಿಸಿಲಲ್ಲಿ ಗಾಡಿಯ ಮೇಲೆ ಕೂತಿರ್ತಾರೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅವರಿಗೆ ಬೇರೆ ಲಿಫ್ಟು. ಅವರಲ್ಲಿ ಡಿಗ್ರಿ ಮುಗಿಸಿದ ನಮ್ಮ ಕೇರಿಯ ಹುಡುಗರೂ ಇದ್ದಾರೆ.