ಫಸ್ಟ್ ಕಾಪಿಯ ಬೆನ್ನು ಬಿಚ್ಚಿದಾಗ

ರೋಲೆಕ್ಸ್ ಸಬ್‌ಮರೀನರ್‌ನ ಒಂದು ಒಳ್ಳೆಯ ನಕಲನ್ನು ಕೈಗೆ ಕೊಟ್ಟರೆ, ಅದು ನಕಲು ಎಂದು ಬರಿಗಣ್ಣಿನಲ್ಲಿ ಹೇಳಬಲ್ಲವರು ಈಗ ಹೆಚ್ಚಿಲ್ಲ. ನಕಲಿ ವಾಚುಗಳ ವಿರುದ್ಧ ಬರೆಯುವವರಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಗಮನವಿಟ್ಟು ನೋಡಿದರೆ ಗೊತ್ತಾಗಿಯೇ ಆಗುತ್ತದೆ ಎಂದು ಧೈರ್ಯ ಹೇಳಿ, ನಾಲ್ಕು ಗುರುತು ಕೊಟ್ಟು ಕಳಿಸುತ್ತಾರೆ. ಆ ಗುರುತುಗಳು ಫುಟ್‌ಪಾತಿನ ಕಳಪೆ ಮಾಲನ್ನು ಹಿಡಿಯಲು ಸಾಕು. ಅದಕ್ಕಿಂತ ಮೇಲಿನದನ್ನು ಹಿಡಿಯಲಾರವು.

ಎಲ್ಲರ ಬಾಯಲ್ಲಿರುವ ಗುರುತು ಸೆಕೆಂಡಿನ ಮುಳ್ಳಿನದು. ಅಸಲಿಯಲ್ಲಿ ಅದು ಜಾರುತ್ತದಂತೆ, ನಕಲಿಯಲ್ಲಿ ಟಿಕ್ ಟಿಕ್ ಎಂದು ಕುಪ್ಪಳಿಸುತ್ತದಂತೆ. ಇದು ಅರ್ಧ ನಿಜ. ಇಂದಿನ ಸಬ್‌ಮರೀನರ್‌ನ ಯಂತ್ರ ಗಂಟೆಗೆ 28,800 ಸಲ ಮಿಡಿಯುತ್ತದೆ. ಅಂದರೆ ಮುಳ್ಳು ಸೆಕೆಂಡಿಗೆ ಎಂಟು ಸಣ್ಣ ಹೆಜ್ಜೆ ಇಡುತ್ತದೆ, ನಮ್ಮ ಕಣ್ಣಿಗೆ ಜಾರಿದಂತೆ ಕಾಣುತ್ತದೆ. ಸ್ವಿಸ್ ಕಂಪನಿ ಇಟಿಎಯ 2824 ಎಂಬ ಸಾಧಾರಣ ಯಂತ್ರವೂ ಅಷ್ಟೇ ಮಿಡಿಯುತ್ತದೆ, ಅದರ ಚೀನೀ ಪ್ರತಿಯೂ ಅಷ್ಟೇ. ಬಹಳಷ್ಟು ನಕಲಿಗಳ ಹೊಟ್ಟೆಯಲ್ಲಿರುವುದು ಆ ಚೀನೀ ಪ್ರತಿಯೇ. ಇನ್ನೊಂದು ಕಡೆ, 1977ರಿಂದ ಸುಮಾರು ಕಾಲು ಶತಮಾನ ರೋಲೆಕ್ಸ್ ಕಂಪನಿಯೇ ಆಯಿಸ್ಟರ್‌ಕ್ವಾರ್ಟ್ಜ್ ಎಂಬ ಬ್ಯಾಟರಿ ವಾಚನ್ನು ಮಾಡಿತು. ಆ ಅಸಲಿಯ ಮುಳ್ಳು ಸೆಕೆಂಡಿಗೊಮ್ಮೆ ಕುಪ್ಪಳಿಸಿಯೇ ನಡೆಯುತ್ತದೆ. ದಿನಾಂಕವನ್ನು ಎರಡೂವರೆ ಪಟ್ಟು ಹಿಗ್ಗಿಸುವ ಮಸೂರ, ಆರರ ಅಂಕಿಯ ಬಳಿ ಗಾಜಿನೊಳಗೆ ಲೇಸರಿನಿಂದ ಕೊರೆದ ಕೂದಲೆಳೆಯ ಕಿರೀಟ, ಕೈಗೆ ಸಿಗುವ ತೂಕ, ಇವೆಲ್ಲವೂ ನಕಲಾಗಿ ಹಳತಾಗಿವೆ. ಕ್ರಮಸಂಖ್ಯೆಯನ್ನು ಯಾವುದೋ ಅಸಲಿ ವಾಚಿನಿಂದ ಎತ್ತಿಕೊಂಡು ಕೊರೆಯುತ್ತಾರೆ. ಡಬ್ಬಿ, ಪುಸ್ತಿಕೆ, ಹಸಿರು ವಾರಂಟಿ ಕಾರ್ಡುಗಳೂ ನಕಲಾಗಿ ಬರುತ್ತವೆ.

ಹಾಗಾದರೆ ನಕಲಿಯ ಕೊರತೆ ಏನು? ಕಣ್ಣಿಗೆ ಕಾಣುವ ಕಡೆ ಅದನ್ನು ಹುಡುಕುವುದನ್ನು ಬಿಡಬೇಕು ಎಂಬುದು ನನ್ನ ವಾದ. ನಕಲು ಮಾಡುವವನ ಶ್ರಮವೆಲ್ಲ ಖರ್ಚಾಗಿರುವುದು ಅಲ್ಲೇ. ಅವನು ಕೈಹಾಕದ ಜಾಗ ಬೆನ್ನಿನ ಮುಚ್ಚಳದ ಒಳಗಿದೆ.

ಸಬ್‌ಮರೀನರ್ 1953ರಲ್ಲಿ ಮುಳುಗುಗಾರರಿಗೆಂದು ಹುಟ್ಟಿದ ವಾಚು. ಇಂದು ಅದರ ಮುಖದ ಮೇಲೆ 300 ಮೀಟರ್ ಎಂದು ಬರೆದಿರುತ್ತದೆ. ಕಾರ್ಖಾನೆಯಲ್ಲಿ ಪ್ರತಿ ವಾಚನ್ನೂ ಆ ಆಳಕ್ಕಿಂತ ಶೇಕಡ 25 ಹೆಚ್ಚಿನ ಒತ್ತಡಕ್ಕೆ ಒಡ್ಡಿಯೇ ಹೊರಗೆ ಬಿಡುತ್ತಾರೆ. ನಕಲಿಯ ಮೇಲೂ ಅದೇ ಅಕ್ಷರ, ಅದೇ ಅಚ್ಚು. ಆದರೆ ಅದನ್ನು ನೀರಿಗಿಳಿಸಿ ಪರೀಕ್ಷಿಸುವವರಿಲ್ಲ, ಒಳಗಿನ ರಬ್ಬರ್ ಉಂಗುರ ಎಂಥದು ಎಂದು ಕೇಳುವವರಿಲ್ಲ. ಮಲ್ಪೆಯ ಕಡಲಿನ ಮಾತಿರಲಿ, ಮಳೆಗಾಲದ ಸ್ಕೂಟರ್ ಸವಾರಿಗೇ ಗಾಜಿನೊಳಗೆ ಹಬೆ ಕಟ್ಟಿದರೆ ಆಶ್ಚರ್ಯಪಡಬೇಕಿಲ್ಲ. ವೇಳೆಯ ವಿಷಯವೂ ಹೀಗೆಯೇ. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷಾ ಸಂಸ್ಥೆ ಕಾಸ್ಕ್ ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ, ಆರು ಸೆಕೆಂಡ್ ಮುಂದೆ ಹೋಗುವಷ್ಟು ಸಡಿಲ ಕೊಡುತ್ತದೆ. ರೋಲೆಕ್ಸ್ ತನಗೆ ತಾನೇ ಎರಡು ಸೆಕೆಂಡಿನ ಗಡಿ ಹಾಕಿಕೊಂಡಿದೆ. ನಕಲಿಯೂ ಮೊದಲ ತಿಂಗಳು ಇಷ್ಟೇ ಚೆನ್ನಾಗಿ ನಡೆಯಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವಾಚನ್ನು ಮಲಗಿಸಿ, ನಿಲ್ಲಿಸಿ, ಬೇರೆ ಬೇರೆ ಉಷ್ಣತೆಯಲ್ಲಿ ಇಟ್ಟು ಹದಗೊಳಿಸುವುದು, ಕೂದಲಿನಷ್ಟು ಸಣ್ಣ ಕೀಲುಗಳಿಗೆ ಸರಿಯಾದ ಎಣ್ಣೆಯನ್ನು ಸರಿಯಾದಷ್ಟೇ ಹಾಕುವುದು, ಇವು ಫೋಟೋದಲ್ಲಿ ಕಾಣದ ಕೆಲಸಗಳು. ಫೋಟೋ ನೋಡಿ ಕೊಳ್ಳುವವನಿಗಾಗಿ ಮಾಡುವ ವಸ್ತುವಿನಲ್ಲಿ ಅವಕ್ಕೆ ಜಾಗವಿಲ್ಲ.

ಈಚೆಗೆ ರೋಲೆಕ್ಸಿನ 3135, 4130 ಯಂತ್ರಗಳನ್ನೇ ಹಲ್ಲಿಗೆ ಹಲ್ಲು ಅನುಕರಿಸಿದ ‘ಸೂಪರ್ ಕ್ಲೋನ್’ಗಳೂ ಬಂದಿವೆ. ಹೊರಗಿನ ಉಕ್ಕೂ ರೋಲೆಕ್ಸ್ ಬಳಸುವ 904ಎಲ್ ಮಿಶ್ರಣದ್ದೇ ಎಂದು ಮಾರುವವರು ಹೇಳಿಕೊಳ್ಳುತ್ತಾರೆ. ಇವುಗಳ ಅಭಿಮಾನಿಗಳ ವಾದಕ್ಕೆ ಒಂದು ಮಟ್ಟಿಗೆ ತೂಕವಿದೆ: ಅದೇ ರೂಪ, ಹೆಚ್ಚುಕಡಿಮೆ ಅದೇ ಯಂತ್ರ, ಬೆಲೆ ಒಂದು ಪುಟ್ಟ ಪಾಲು, ಮತ್ತೆ ಹತ್ತು ಲಕ್ಷ ಸುರಿಯುವುದು ಯಾಕೆ? ಈ ಪ್ರಶ್ನೆಗೆ ಉತ್ತರ ಸಿಗುವುದು ವಾಚು ನಿಂತ ದಿನ. ರೋಲೆಕ್ಸ್ ಸರ್ವಿಸ್‌ಗೆ ಸುಮಾರು ಹತ್ತು ವರ್ಷಕ್ಕೊಮ್ಮೆ ತರಲು ಹೇಳುತ್ತದೆ. ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಹೊಣೆ ಹೊತ್ತು ಕೊಡುತ್ತದೆ. ನಕಲಿಯನ್ನು ಯಾವ ಕಂಪನಿಯ ಸರ್ವಿಸ್ ಕೇಂದ್ರವೂ ಮುಟ್ಟುವುದಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ನುರಿತ ರಿಪೇರಿಯವರ ಬಳಿಗೆ ಒಯ್ದರೂ ಬಿಡಿಭಾಗ ಎಲ್ಲಿಂದ ತರುತ್ತಾರೆ? ಇಡೀ ಯಂತ್ರ ಕಿತ್ತು ಬೇರೆ ಕೂರಿಸುವುದೊಂದೇ ದಾರಿ. ಆಗ ಕೊಂಡದ್ದರಲ್ಲಿ ಹೊರಚಿಪ್ಪು ಮಾತ್ರ ಉಳಿಯುತ್ತದೆ.

‘ಫಸ್ಟ್ ಕಾಪಿ’, ‘ಮಾಸ್ಟರ್ ಕಾಪಿ’, ‘7ಎ’ ಎಂಬ ದರ್ಜೆಗಳ ಕಥೆ ಇನ್ನೂ ವಿಚಿತ್ರ. ದರ್ಜೆ ಕೊಡುವವನೂ ಮಾರುವವನೇ. ಮೆಜೆಸ್ಟಿಕ್ ಸುತ್ತಿನ ಗಲ್ಲಿಗಳಲ್ಲಿ ನಡೆಯುತ್ತಿದ್ದ ಈ ವ್ಯಾಪಾರ ಈಗ ಹೆಚ್ಚಾಗಿ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್‌ಗಳಿಗೆ ಏರಿದೆ. ಅಲ್ಲಿ ಅಂಗಡಿಯಿಲ್ಲ, ವಿಳಾಸವಿಲ್ಲ, ಬಿಲ್ಲು ಮೊದಲೇ ಇಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ನಕಲಿ ಗುರುತಿನ ಮಾಲು ಮಾರುವುದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಮಾರುವುದೇ ಅಪರಾಧವಾದ ಮಾಲು, ಕೈಯಲ್ಲಿ ಬಿಲ್ಲೂ ಇಲ್ಲ. ಹಾಗಾಗಿ ಇಪ್ಪತ್ತು ಸಾವಿರ ಕೊಟ್ಟು ತಂದದ್ದು ಇಪ್ಪತ್ತೇ ದಿನಕ್ಕೆ ನಿಂತರೆ ಕೊಂಡವನು ಗ್ರಾಹಕ ವೇದಿಕೆಯ ಮೆಟ್ಟಿಲು ಹತ್ತುವುದಿರಲಿ, ನೆಂಟರ ಮುಂದೆ ಹೇಳಿಕೊಳ್ಳುವುದಕ್ಕೂ ಹಿಂಜರಿಯುತ್ತಾನೆ. ವ್ಯಾಪಾರ ನಿಂತಿರುವುದೇ ಆ ನಾಚಿಕೆಯ ಮೇಲೆ.

ಇಷ್ಟಕ್ಕೂ ನಕಲಿಗೆ ಗಿರಾಕಿ ಹುಟ್ಟಿಸಿದವರಲ್ಲಿ ಅಸಲಿ ಕಂಪನಿಗಳೂ ಇವೆ ಎನ್ನದೆ ಗತಿಯಿಲ್ಲ. ರೋಲೆಕ್ಸ್ ಅಪರೂಪದ ವಸ್ತುವೇನೂ ಅಲ್ಲ. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಚು ಮಾಡುತ್ತದೆ ಎಂದು ಉದ್ಯಮದ ಅಂದಾಜು. ಆದರೂ ಜನ ಬಯಸುವ ಮಾದರಿಯನ್ನು ಕೇಳಿದರೆ ಹೆಸರು ಬರೆಸಿ ಕಾಯಬೇಕು. ದಶಕಗಳಿಂದ ಜಾಹೀರಾತಿನಲ್ಲಿ ಮಾರಿದ್ದು ಟೆನಿಸ್ ಆಟಗಾರರನ್ನು, ಪರ್ವತಾರೋಹಿಗಳನ್ನು, ಗೆದ್ದವರ ಮಣಿಕಟ್ಟನ್ನು. ಒಳಗಿನ ಯಂತ್ರವನ್ನು ಯಾರೂ ಮಾರಲಿಲ್ಲ. ಹೆಸರೇ ಸರಕಾದ ಮೇಲೆ ಹೆಸರನ್ನಷ್ಟೇ ಅಗ್ಗಕ್ಕೆ ಕೊಡುವವನು ಬಂದೇ ಬರುತ್ತಾನೆ. ನಮ್ಮಲ್ಲೂ 2016ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹ್ಯೂಬ್ಲೋ ವಾಚಿನ ಸುತ್ತ ವಾರಗಟ್ಟಲೆ ವಿವಾದ ಎದ್ದಿತು. ಸ್ನೇಹಿತರ ಉಡುಗೊರೆ ಎಂದ ಅವರು ಕೊನೆಗೆ ಅದನ್ನು ಸರ್ಕಾರದ ಸ್ವತ್ತಾಗಲೆಂದು ಸಭಾಧ್ಯಕ್ಷರಿಗೆ ಒಪ್ಪಿಸಿದರು. ಅಷ್ಟೂ ದಿನ ಹೆಚ್ಚು ಚರ್ಚೆಯಾದದ್ದು ಬೆಲೆ. ರಾಜಕೀಯದಲ್ಲಿ ಅದು ಸಹಜವೇ. ಆದರೆ ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ದುಬಾರಿ ವಾಚಿನ ಮಾತು ಬಂದಾಗಲೂ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಟ್ರಿ?’ ಎಂಬುದೇ.

ಅಸಲಿ ಎಂಬುದು ಎಷ್ಟು ಜಾರುವ ಸಂಗತಿ ಎಂದು ತಿಳಿಯಬೇಕಾದವರು ಒಮೆಗಾ ಪ್ರಕರಣವನ್ನು ನೋಡಬೇಕು. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿಗೆ 1957ರಲ್ಲಿ ಶುರುವಾದ ಸ್ಪೀಡ್‌ಮಾಸ್ಟರ್‌ನ ಮೊದಲ ಮಾದರಿ, 2915-1, ಬಂತು. ಕಪ್ಪು ಮುಖ ಬಿಸಿಲಿಗೆ ಹದವಾಗಿ ಕಂದು ತಿರುಗಿತ್ತು. ಸಂಗ್ರಾಹಕರು ಇಂಥದ್ದಕ್ಕೆ ಪ್ರಾಣ ಬಿಡುತ್ತಾರೆ. ಒಂದು ಲಕ್ಷ ಫ್ರಾಂಕಿನ ಆಸುಪಾಸು ಹೋಗಬಹುದೆಂದು ಅಂದಾಜಿತ್ತು. ಹೋದದ್ದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ. ಕೊಂಡದ್ದು ಬೇರೆ ಯಾರೂ ಅಲ್ಲ, ಒಮೆಗಾದ ವಸ್ತುಸಂಗ್ರಹಾಲಯವೇ. 2023ರಲ್ಲಿ ಕಂಪನಿ ತಾನೇ ಹೊರಗೆ ಹೇಳಿತು: ವಾಚು ಹುಸಿ. ಬೇರೆ ಬೇರೆ ವಾಚುಗಳಿಂದ ಆಯ್ದ ಭಾಗಗಳನ್ನು, ಅವುಗಳಲ್ಲಿ ಬಹುಪಾಲು ಒಮೆಗಾದವೇ, ಜೋಡಿಸಿ ಮಾಡಿದ್ದು. ಇದರಲ್ಲಿ ತನ್ನದೇ ಮಾಜಿ ನೌಕರರ ಕೈವಾಡವಿದೆ ಎಂದೂ ಹೇಳಿ ದೂರು ಕೊಟ್ಟಿತು.

ಇಲ್ಲಿ ನಿಂತು ಯೋಚಿಸಬೇಕು. ಮಾಡಿದವರೇ ಕೊಂಡರು, ಜಗತ್ತಿನ ದೊಡ್ಡ ಹರಾಜು ಮನೆಗಳಲ್ಲೊಂದು ಮಾರಿತು, ಭಾಗಗಳೂ ಹೆಚ್ಚಿನವು ನಿಜವಾದವು. ಆದರೂ ಸುಳ್ಳು. ಯಾಕೆಂದರೆ ಆ ಭಾಗಗಳೆಲ್ಲ ಒಟ್ಟಿಗೆ ಒಂದೇ ವಾಚಾಗಿ ಎಂದೂ ಬದುಕಿರಲಿಲ್ಲ. ಹಳೆಯ ವಾಚಿನ ಬೆಲೆ ಕೂತಿರುವುದು ಲೋಹಕ್ಕಿಂತ ಹೆಚ್ಚಾಗಿ ಅದು ಬಾಳಿದ ಬಾಳಿನಲ್ಲಿ: ಯಾರು ಕೊಂಡರು, ಎಲ್ಲಿ ರಿಪೇರಿಯಾಯಿತು, ಯಾವಾಗ ಏನು ಬದಲಾಯಿತು. ಆ ಬಾಳನ್ನೇ ಕಟ್ಟುಕಥೆ ಮಾಡಬಹುದಾದರೆ ಡಬ್ಬಿ, ಕಾರ್ಡುಗಳನ್ನು ನೋಡಿ ‘ಎಲ್ಲ ಸರಿಯಿದೆ’ ಎನ್ನುವ ನಮ್ಮ ಧೈರ್ಯ ಎಷ್ಟರದು?

ಇದು ಲಕ್ಷಗಟ್ಟಲೆ ಫ್ರಾಂಕಿನವರ ತಲೆನೋವು ಎಂದುಕೊಳ್ಳುವ ಹಾಗೂ ಇಲ್ಲ. ಜಾಲಹಳ್ಳಿಯ ಎಚ್‌ಎಂಟಿಗೂ ಇದೇ ಗತಿಯಾಗಿದೆ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಕೆಲಸ ಸಿಕ್ಕಾಗ, ಪಾಸಾದಾಗ, ಮದುವೆಯಲ್ಲಿ ಮಾವ ಕೊಟ್ಟಾಗ ಕೈಗೆ ಬಂದ ಜನತಾ, ಪೈಲಟ್, ಕೋಹಿನೂರ್, ಕಾಂಚನ್‌ಗಳು ಒಂದು ಕಾಲದಲ್ಲಿ ಮನೆಮನೆಯ ವಾಚು. ವಾಚು ಘಟಕ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿತು. ಸಂಗ್ರಾಹಕರ ಬೇಡಿಕೆ ಏರಿದಂತೆ ಹುಸಿಗಳೂ ಹೆಚ್ಚಿದವು. ಹಳೆಯ ಮುಖವನ್ನು ಕೆರೆದು ಎಚ್‌ಎಂಟಿ ಎಂದೂ ಮಾಡದ ಬಣ್ಣ ಬಳಿದು, ದಪ್ಪ ಅಕ್ಷರದಲ್ಲಿ ‘ಪೈಲಟ್’ ಎಂದು ಒತ್ತಿ, ಸಿಕ್ಕ ಮುಳ್ಳು ಚುಚ್ಚಿ, ಅಂಚುಗಳೆಲ್ಲ ಕರಗುವಂತೆ ಪಾಲಿಶ್ ಮಾಡಿದ ವಾಚುಗಳು ಆನ್‌ಲೈನಿನಲ್ಲಿ ‘ಹೊಸದರಂತಿದೆ’ ಎಂದು ಬಿಕರಿಯಾಗುತ್ತವೆ. ಹೊರದೇಶದ ಹವ್ಯಾಸಿಗಳು ಇವಕ್ಕೆ ‘ಮುಂಬೈ ಸ್ಪೆಷಲ್’ ಎಂದು ಹೆಸರಿಟ್ಟಿದ್ದಾರೆ. ಫಾವ್ರ್-ಲ್ಯೂಬಾ, ವೆಸ್ಟ್ ಎಂಡ್ ವಾಚುಗಳಿಗೂ ಇದೇ ಬಣ್ಣದ ಭಾಗ್ಯ. ಇವು ನನಗೆ ಫಸ್ಟ್ ಕಾಪಿಗಿಂತ ಹೆಚ್ಚು ಬೇಸರ ತರಿಸುತ್ತವೆ. ಫಸ್ಟ್ ಕಾಪಿ ಹುಟ್ಟಿನಿಂದಲೇ ಸುಳ್ಳು. ಇಲ್ಲಿ ಒಂದು ನಿಜವಾದ ವಾಚಿನ ಮುಖ ಅಳಿಸಿಹೋಗಿರುತ್ತದೆ. ಅಜ್ಜನ ಜನತಾದ ಮುಖ ಹಳದಿಗಟ್ಟಿದ್ದರೆ ದಯವಿಟ್ಟು ಹಾಗೆಯೇ ಬಿಡಿ.

ಇನ್ನು, ಕೊಳ್ಳಲೇಬೇಕೆಂದು ಹೊರಟವರ ವಿಷಯ. ಹೊಸದಾದರೆ ಕಂಪನಿಯ ಅಧಿಕೃತ ಮಾರಾಟಗಾರರನ್ನು ಬಿಟ್ಟು ಬೇರೆಡೆ ಹೋಗಲು ನನಗೆ ಕಾರಣ ಕಾಣುವುದಿಲ್ಲ. ಅವರ ಪಟ್ಟಿ ಕಂಪನಿಯ ಜಾಲತಾಣದಲ್ಲೇ ಇರುತ್ತದೆ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ ಮಾರುವವರು ಶೇಕಡ 1 ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯಬೇಕು. ‘ಅದೆಲ್ಲ ಬೇಡ ಸಾರ್, ಕ್ಯಾಶ್ ಕೊಡಿ’ ಎಂದರೆ ಅಲ್ಲಿಂದ ಎದ್ದು ಬರಬಹುದು. ದುಬೈ, ಸಿಂಗಪುರದಲ್ಲಿರುವ ನೆಂಟರ ಕೈಲಿ ತರಿಸುವವರು ಅಲ್ಲಿನ ಬಿಲ್ಲನ್ನೂ ತರಿಸಿ, ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಮುಂದೆ ಮಾರುವಾಗ ವಾಚಿನ ಬಾಳಿಗೆ ಅದೇ ಸಾಕ್ಷಿ.

ಕಂಪನಿಯ ಹೆಸರಿಗಿಂತ ಮೊದಲು ಕೈಯನ್ನು ನೋಡಿಕೊಳ್ಳಿ. ವ್ಯಾಸ 40 ಮಿಲಿಮೀಟರ್ ಇದ್ದರೂ ಪಟ್ಟಿ ಸೇರುವ ಕೊಂಬುಗಳು ಮಣಿಕಟ್ಟಿನಾಚೆ ಚಾಚಿದರೆ ಯಾವ ಬ್ರ್ಯಾಂಡೂ ಒಪ್ಪುವುದಿಲ್ಲ. ಮಂಗಳೂರು, ಕಾರವಾರದ ಸೆಕೆಗೆ ಚರ್ಮದ ಪಟ್ಟಿ ಬೇಗ ಹಾಳು. ಉಕ್ಕಿನ ಚೈನು ಅಥವಾ ರಬ್ಬರೇ ವಾಸಿ. ಯಾವ ಊರಿನಲ್ಲಿ ಸರ್ವಿಸ್ ಕೇಂದ್ರವಿದೆ, ಅಲ್ಲಿ ಒಂದು ಸಲಕ್ಕೆ ಏನು ಖರ್ಚು ಎಂದು ಕೊಳ್ಳುವ ಮೊದಲೇ ಕೇಳಿ. ಆ ಖರ್ಚು ಭಾರವೆನಿಸಿದರೆ ವಾಚೂ ಭಾರವೇ.

ಕೈಯಲ್ಲಿ ಇಪ್ಪತ್ತೈದು ಸಾವಿರದ ಆಸುಪಾಸು ಇದ್ದವರಿಗೆ ಸೂಪರ್ ಕ್ಲೋನ್ ಆ ಬೆಲೆಗೆ ಸಿಗುವ ಅತ್ಯಂತ ಕೆಟ್ಟ ವಾಚು. ಹೆಚ್ಚುಕಡಿಮೆ ಅದೇ ದುಡ್ಡಿಗೆ ಸೈಕೋ 5 ಸ್ಪೋರ್ಟ್ಸ್ ಬರುತ್ತದೆ: ತಾನೇ ಕೀಲಿ ಕೊಟ್ಟುಕೊಳ್ಳುವ ಯಂತ್ರ, ನಿಜವಾದ 100 ಮೀಟರ್ ಜಲನಿರೋಧ, ಬಿಲ್ಲು, ವಾರಂಟಿ. ಲಕ್ಷದೊಳಗೆ ಟಿಸ್ಸೋದ ಪವರ್‌ಮ್ಯಾಟಿಕ್ 80 ಯಂತ್ರದ ವಾಚುಗಳು ಸಿಗುತ್ತವೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ಓಡುತ್ತಿರುತ್ತವೆ.

ಬಳಸಿದ ದುಬಾರಿ ವಾಚನ್ನು ಕೊಳ್ಳುವವರು ಕೊನೆಯ ಕಂತು ಕೊಡುವ ಮುನ್ನ ಮಾರುವವರನ್ನು ಜೊತೆಗೇ ಕರೆದುಕೊಂಡು ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋಗಿ, ಬೆನ್ನಿನ ಮುಚ್ಚಳ ತೆಗೆಸಿ ನೋಡಿಸಿ. ಅವರು ಬರಲೊಲ್ಲೆ ಎಂದರೆ ಆ ವಾಚು ಬೇಡ.