ಎರಡನೆಯ ರೆಕ್ಕೆ

ಎರಡು ತಿಂಗಳ ಹಿಂದಿನ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ಇನ್ನೂ ಕೈ ಒರೆಸಿಕೊಳ್ಳುತ್ತಿರುವಾಗಲೇ, ನನ್ನ ಅಕ್ಕನ ಮಗನು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, “ಮಾವ, ಮುಂದಿನದು ಇದೇ, ಬೇರೆ ಮಾತಿಲ್ಲ” ಎಂದನು. ಪರದೆಯ ಮೇಲಿದ್ದುದು ಸ್ಪಿಟ್‌ಫೈರ್ ಯುದ್ಧವಿಮಾನದ ರೇಡಿಯೊ ನಿಯಂತ್ರಿತ ಪ್ರತಿರೂಪ: ಒಂದು ಮೀಟರಿನಷ್ಟು ರೆಕ್ಕೆಯುದ್ದ, ಹಸುರು ಕಂದು ಬಣ್ಣಗಳ ಬಳಿತ, ಮಡಿಚಿ ರೆಕ್ಕೆಯೊಳಗೆ ಅಡಗುವ ಗಾಲಿಗಳು. ಆತನ ಕೈಯಲ್ಲಿ ಪಳಗಿರುವುದು ಆರು ತಿಂಗಳಿಂದ ಹಾರಿಸುತ್ತಿರುವ, ಮೂರು ಚಾನೆಲ್ಲಿನ, ಅಂದರೆ ಮೂರು ನಿಯಂತ್ರಣಗಳ, ಮೇಲ್ರೆಕ್ಕೆಯ ಫೋಮ್ ವಿಮಾನವೊಂದೇ. ಅದನ್ನು ಆತನು ಚೆನ್ನಾಗಿಯೇ ಹಾರಿಸುತ್ತಾನೆ; ನಮ್ಮತ್ತ ಬರುತ್ತಿರುವ ವಿಮಾನದ ಎಡಬಲಗಳು ಅದಲುಬದಲಾಗಿ ಎಲ್ಲ ಹೊಸಬರನ್ನೂ ಕಂಗೆಡಿಸುವ ಆ ಗೊಂದಲವನ್ನು ದಾಟಿದ್ದಾನೆ; ಗಾಳಿಗೆದುರಾಗಿ ಇಳಿಸಬಲ್ಲನು. ಆದುದರಿಂದ ಆತನ ಆಸೆ ಅಕಾಲಿಕವೆಂದು ನಾನು ಹೇಳಲಾರದೆ ಹೋದೆ. ಆದರೆ ನನ್ನ ಕಣ್ಣು ಹೋಗಿ ನಿಂತದ್ದು ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿದ್ದ ಎರಡು ಅಂಕಿಗಳ ಮೇಲೆ: ತೂಕ 1,260 ಗ್ರಾಂ, ರೆಕ್ಕೆಯ ವಿಸ್ತೀರ್ಣ 18 ಚದರ ಡೆಸಿಮೀಟರ್.

ಮೊದಲನೆಯ ವಿಮಾನವನ್ನು ನಾವು ಹಾರಿಸುತ್ತಿದ್ದೇವೆಂದು ಭಾವಿಸುವ ಕಾಲದಲ್ಲಿ ಅದು ಬಹುಮಟ್ಟಿಗೆ ತನ್ನಷ್ಟಕ್ಕೆ ತಾನೇ ಹಾರುತ್ತಿರುತ್ತದೆ. ಅದರ ರೆಕ್ಕೆ ಒಡಲಿನ ಮೇಲೆ ಕುಳಿತಿರುತ್ತದೆ. ರೆಕ್ಕೆಯ ತುದಿಗಳೆರಡೂ ನಡುವಿಗಿಂತ ಮೇಲೆದ್ದು, ಬೊಗಸೆಯೊಡ್ಡಿದಂತೆ, ಅಗಲವಾದ ಒಂದು ಕೋನವನ್ನು ರಚಿಸಿರುತ್ತವೆ. ವಿಮಾನವು ಒಂದು ಪಕ್ಕಕ್ಕೆ ವಾಲಿ ಜಾರತೊಡಗಿದೊಡನೆ ಕೆಳಗಾದ ರೆಕ್ಕೆಗೆ ಗಾಳಿಯು ಹೆಚ್ಚಿನ ಕೋನದಲ್ಲಿ ತಾಗಿ, ಅದರ ಎತ್ತುಬಲವು ಹಿಗ್ಗಿ, ಹಾರಿಸುವವನು ಟ್ರಾನ್ಸ್‌ಮಿಟರಿನ ಕಡ್ಡಿಯ ಮೇಲಿನ ಬೆರಳನ್ನು ತೆಗೆದು ಸುಮ್ಮನೆ ನಿಂತಿದ್ದರೂ ಅದು ಮೆಲ್ಲನೆ ಸಮಸ್ಥಿತಿಗೆ ಮರಳುತ್ತದೆ. ಇವಕ್ಕೆ ಜೊತೆಯಾಗಿ ದಪ್ಪನಾದ ರೆಕ್ಕೆ, ಹಗುರವಾದ ಮೈ, ಮುಂದೊಂದು ಹಿಂದೆರಡು ಗಾಲಿ. ಇವೆಲ್ಲವೂ ಆ ವಿಮಾನವು ನಮಗೆ ತೋರುವ ದಾಕ್ಷಿಣ್ಯಗಳು. ನಮ್ಮ ನೈಪುಣ್ಯವೆಂದು ನಾವು ಎಣಿಸಿಕೊಳ್ಳುವುದರಲ್ಲಿ ಅರ್ಧ ಪಾಲು ಈ ದಾಕ್ಷಿಣ್ಯಗಳದು. ಎರಡನೆಯ ವಿಮಾನವನ್ನು ಆರಿಸುವುದೆಂದರೆ ಇವುಗಳಲ್ಲಿ ಯಾವುದನ್ನು ಈಗ ಬಿಟ್ಟುಕೊಡಬೇಕು, ಯಾವುದನ್ನು ಇನ್ನೂ ಕೆಲಕಾಲ ಉಳಿಸಿಕೊಳ್ಳಬೇಕು ಎಂಬುದನ್ನು ನಿರ್ಣಯಿಸುವುದು. ಒಂದನ್ನು ಬಿಡಬಹುದು, ಧೈರ್ಯವಿದ್ದರೆ ಎರಡನ್ನು. ಎಲ್ಲವನ್ನೂ ಒಂದೇ ಮುಂಜಾನೆ ಬಿಟ್ಟವರ ವಿಮಾನವನ್ನು ಚೀಲದಲ್ಲಿ ತುಂಬಿ ಮನೆಗೆ ತರಬೇಕಾಗುತ್ತದೆ.

ದಾಕ್ಷಿಣ್ಯಗಳಲ್ಲಿ ಕಟ್ಟಕಡೆಗೆ ಬಿಡಬೇಕಾದುದು ಹಗುರತನ. ವಿಮಾನದ ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಈ ಹವ್ಯಾಸದವರು ವಿಂಗ್ ಲೋಡಿಂಗ್ ಎನ್ನುತ್ತಾರೆ. ರೆಕ್ಕೆಯ ಒಂದೊಂದು ಚದರ ಡೆಸಿಮೀಟರೂ ಎಷ್ಟು ಗ್ರಾಂ ಹೊರಬೇಕೆಂಬ ಲೆಕ್ಕ ಅದು. ನನ್ನ ಸೋದರಳಿಯನ ಹಳೆಯ ವಿಮಾನ 960 ಗ್ರಾಂ ತೂಗುತ್ತದೆ, ರೆಕ್ಕೆ 30 ಚದರ ಡೆಸಿಮೀಟರ್, ಹೊರೆ 32. ಆತನು ತೋರಿಸಿದ ಸ್ಪಿಟ್‌ಫೈರಿನ ಹೊರೆ 70. ಗಾಳಿಯಲ್ಲಿ ತೇಲಲು ಬೇಕಾದ ಕನಿಷ್ಠ ವೇಗವು ಈ ಹೊರೆಯ ವರ್ಗಮೂಲವನ್ನು ಅನುಸರಿಸಿ ಏರುವುದರಿಂದ, ಹಳೆಯದು ಗಂಟೆಗೆ ಸುಮಾರು 26 ಕಿಲೋಮೀಟರಿಗೆ ಇಳಿದಾಗಲೂ ಬೀಳದೆ ನಿಲ್ಲುವುದಾದರೆ, ಹೊಸದು 38ರ ಕೆಳಗೆ ನಿಲ್ಲದು. ಹನ್ನೆರಡು ಕಿಲೋಮೀಟರಿನ ವ್ಯತ್ಯಾಸ ಕೇಳುವುದಕ್ಕೆ ಅಲ್ಪವಾಗಿ ತೋರಬಹುದು. ಆದರೆ ಅದು ಕಣ್ಣು ಕಂಡು, ಬುದ್ಧಿ ಗ್ರಹಿಸಿ, ಬೆರಳು ಚಲಿಸುವುದರೊಳಗಾಗಿ ಸಿಕ್ಕುವ ಅವಕಾಶವನ್ನು ಮೂರನೆಯ ಒಂದು ಪಾಲು ಕಿರಿದುಗೊಳಿಸುತ್ತದೆ. ಬೆಂಗಳೂರಿನ ಸೀಮೆಯವರು ಇನ್ನೊಂದನ್ನೂ ನೆನೆಯಬೇಕು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಇಲ್ಲಿ ಗಾಳಿಯು ಕರಾವಳಿಗಿಂತ ನೂರಕ್ಕೆ ಎಂಟರಷ್ಟು ತೆಳುವು. ಮಂಗಳೂರಿನ ಬಯಲಿನಲ್ಲಿ ಸೌಮ್ಯವಾಗಿ ಇಳಿಯುವ ವಿಮಾನವು ಇಲ್ಲಿ ನೂರಕ್ಕೆ ನಾಲ್ಕರಷ್ಟು ಹೆಚ್ಚು ವೇಗದಲ್ಲಿ ಇಳಿಯುತ್ತದೆ.

ಇದನ್ನು ನಾನು ಬರಿಯ ಲೆಕ್ಕದಿಂದ ಅರಿತವನಲ್ಲ. ನನ್ನ ಎರಡನೆಯ ವಿಮಾನವೂ ಕೆಳರೆಕ್ಕೆಯ, ಭಾರವಾದ ಯುದ್ಧವಿಮಾನವೇ ಆಗಿತ್ತು. ಯಾರು ಬೇಕಾದರೂ ಹಾರಿಸಬಹುದೆಂದು ಅಂಗಡಿಯವರು ಕೊಟ್ಟ ಭರವಸೆಯನ್ನು ನಂಬಿ, ಕೂಡಿಟ್ಟ ಹಣವನ್ನೆಲ್ಲ ತೆತ್ತು ಕೊಂಡಿದ್ದೆ. ರಾಗಿ ಕೊಯ್ದು ಕೂಳೆ ಉಳಿದಿದ್ದ ಹೊಲದ ಮೇಲೆ ಅದು ನಾಲ್ಕು ಸುತ್ತು ಹಾರಿತು. ಆ ನಾಲ್ಕು ಸುತ್ತುಗಳ ಸೊಗಸು ಈಗಲೂ ನನ್ನ ಕಣ್ಣಿನಲ್ಲಿದೆ. ಇಳಿಸಬೇಕೆಂದು ವೇಗ ತಗ್ಗಿಸಿ, ಹೊಲದ ಕಡೆಗೆ ಕೊನೆಯ ತಿರುವನ್ನು ತೆಗೆದುಕೊಳ್ಳುವಾಗ, ತಿರುವು ಸಾಲದೆಂದು ತೋರಿ ವಿಮಾನವನ್ನು ಇನ್ನಷ್ಟು ವಾಲಿಸಿದೆ. ಮೂತಿ ಕೆಳಗಾಯಿತೆಂದು, ಅದನ್ನು ಏರಿಳಿಸುವ ಎಲಿವೇಟರನ್ನು ಇನ್ನಷ್ಟು ಎಳೆದೆ. ಅರವತ್ತು ಡಿಗ್ರಿ ವಾಲಿ ಮಟ್ಟವಾಗಿ ತಿರುಗುವ ವಿಮಾನದ ರೆಕ್ಕೆ ತನ್ನ ತೂಕದ ಎರಡರಷ್ಟನ್ನು ಹೊರಬೇಕಾಗುತ್ತದೆಂದೂ, ಅದು ಬೀಳದಿರಲು ಬೇಕಾದ ವೇಗವು ನೂರಕ್ಕೆ ನಲವತ್ತೊಂದರಷ್ಟು ಏರುತ್ತದೆಂದೂ ನಾನು ಓದಿ ತಿಳಿದದ್ದು ಆಮೇಲೆ. ಅಂದು ಕಂಡದ್ದಿಷ್ಟೆ: ಒಳಗಡೆಯ ರೆಕ್ಕೆ, ಯಾರೋ ಕೆಳಗಿನಿಂದ ಸೆಳೆದಂತೆ, ಒಮ್ಮೆಲೆ ಕುಸಿಯಿತು; ವಿಮಾನವು ಅರ್ಧ ಸುತ್ತು ಮಗುಚಿ ನೆಟ್ಟಗೆ ಮಣ್ಣಿಗೆ ಬಿತ್ತು. ಹತ್ತಿರ ಹೋದಾಗ ಪ್ರೊಪೆಲ್ಲರಿನ ಒಂದು ಅಲಗು ಬೆರಳುದ್ದ ಮಣ್ಣಿನಲ್ಲಿ ನಾಟಿತ್ತು. ಬ್ಯಾಟರಿಯು ತಂತಿ ಕಳಚಿಕೊಂಡು ಕೂಳೆಗಳ ನಡುವೆ ಹತ್ತು ಹೆಜ್ಜೆಯಾಚೆ ಬಿದ್ದಿತ್ತು. ಬಾಲದಲ್ಲಿದ್ದ ಸರ್ವೋ ಎಂಬ ಪುಟ್ಟ ಮೋಟಾರೊಂದು ಮಾತ್ರ, ಇನ್ನೂ ಆಜ್ಞೆಯನ್ನು ನಿರೀಕ್ಷಿಸುವಂತೆ, ಮುರಿಯದೆ ಉಳಿದಿತ್ತು.

ಸ್ಪಿಟ್‌ಫೈರನ್ನು ವಿನ್ಯಾಸಗೊಳಿಸಿದ ಆರ್. ಜೆ. ಮಿಚೆಲ್ಲರು ಈ ಅಪಾಯವನ್ನು ಬಲ್ಲವರಾಗಿದ್ದರು. 1936ರ ಮಾರ್ಚಿನಲ್ಲಿ ಮೊದಲು ಹಾರಿದ ಆ ವಿಮಾನದ ದೀರ್ಘವೃತ್ತಾಕಾರದ ರೆಕ್ಕೆಯನ್ನು ಬುಡದಿಂದ ತುದಿಗೆ ಹೋಗುತ್ತ ಎರಡೂವರೆ ಡಿಗ್ರಿಯಷ್ಟು ತಿರುಚಿ, ಎತ್ತುಬಲ ತಪ್ಪುವಾಗ ಬುಡದಲ್ಲಿ ಮೊದಲು ತಪ್ಪಿ ತುದಿಯು ಕೊನೆಯವರೆಗೆ ಹಿಡಿದಿರುವಂತೆ ಅವರು ಏರ್ಪಡಿಸಿದ್ದರು. ಆದರೆ ಒಂದು ಮೀಟರಿನ ಪ್ರತಿರೂಪದಲ್ಲಿ ತುದಿಯ ಅಗಲ ನಾಲ್ಕು ಬೆರಳಾಗಿ ಉಳಿಯುತ್ತದೆ. ಅಷ್ಟು ಕಿರಿದಾದ ರೆಕ್ಕೆಯ ಮೇಲೆ ಗಾಳಿಯು ದೊಡ್ಡ ರೆಕ್ಕೆಯ ಮೇಲೆ ಅಂಟಿಕೊಂಡು ಹರಿಯುವಂತೆ ಹರಿಯದೆ ಬೇಗ ಬೇರ್ಪಡುತ್ತದೆ. ಆಗ ಮಿಚೆಲ್ಲರ ಎಚ್ಚರಿಕೆಯೂ ಪೂರ್ತಿಯಾಗಿ ಕಾಯಲಾರದು. ಚೂಪು ತುದಿಯ ರೆಕ್ಕೆ ಚೆಲುವಾದುದು. ನನಗೂ ಅದರ ಮೇಲೆ ಪ್ರೀತಿಯಿದೆ. ಆದರೆ ಅದು ನಾಲ್ಕನೆಯದೋ ಐದನೆಯದೋ ವಿಮಾನಕ್ಕೆ ಸಲ್ಲತಕ್ಕ ಚೆಲುವು.

ಇದರಿಂದ ಕೆಳರೆಕ್ಕೆಯೇ ದೋಷವೆಂದು ಯಾರೂ ತಿಳಿಯಬಾರದು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಎಚ್‌ಟಿ-2 ಕೆಳರೆಕ್ಕೆಯದೇ. ಅದು ಹುಟ್ಟಿದ್ದೇ ಹೊಸ ವೈಮಾನಿಕರಿಗೆ ಕಲಿಸುವುದಕ್ಕಾಗಿ. ಅದೇ ಕಾರ್ಖಾನೆಯ ಪುಷ್ಪಕ್, 1958ರಲ್ಲಿ ಹಾರಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಬಹುಕಾಲ ದುಡಿದದ್ದು, ಮೇಲ್ರೆಕ್ಕೆಯದು. ಎರಡರ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನನ್ನ ಸೋದರಳಿಯನಿಗೆ ತೋರಿಸಿದೆ. ರೆಕ್ಕೆ ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕಿಂತ ಅದು ಎಷ್ಟು ವಿಶಾಲವಾಗಿದೆ, ತುದಿ ಎಷ್ಟು ಅಗಲವಾಗಿದೆ, ಎಷ್ಟು ಹೊರೆ ಹೊತ್ತಿದೆ ಎಂಬುದೇ ಮುಖ್ಯವೆನ್ನುವುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ನನಗೆ ತೋರಲಿಲ್ಲ.

ಹಾಗಾದರೆ ಬಿಡಬೇಕಾದ ದಾಕ್ಷಿಣ್ಯ ಯಾವುದು? ನನ್ನ ಅಭಿಪ್ರಾಯದಲ್ಲಿ, ತಾನಾಗಿಯೇ ಸಮವಾಗುವ ಆ ಗುಣವನ್ನು ಮೊದಲು ಬಿಡಬೇಕು. ಮೂರು ಚಾನೆಲ್ಲಿನ ವಿಮಾನದಲ್ಲಿ ತಿರುಗಿಸುವುದು ಬಾಲದ ರಡ್ಡರಿನ ಕೆಲಸ, ಮತ್ತೆ ಸಮಗೊಳಿಸುವುದು ರೆಕ್ಕೆಯ ಕೆಲಸ. ನಾಲ್ಕನೆಯ ಚಾನೆಲ್ಲಾದ, ರೆಕ್ಕೆಗಳನ್ನು ವಾಲಿಸುವ ಏಲೆರಾನ್ ಬಂದೊಡನೆ ಈ ವ್ಯವಸ್ಥೆ ಮುಗಿಯಿತು: ಎಷ್ಟು ವಾಲಿಸಿದಿರೋ ಅಷ್ಟಕ್ಕೇ ವಿಮಾನವು ನಿಲ್ಲುತ್ತದೆ, ಕಡ್ಡಿಯನ್ನು ನಡುವಿಗೆ ಬಿಟ್ಟರೂ ವಾಲಿಕೊಂಡೇ ಇರುತ್ತದೆ, ಎದುರು ಕಡೆಗೆ ಒತ್ತಿ ಸಮಗೊಳಿಸುವ ಹೊಣೆ ಇನ್ನು ನಮ್ಮದು. ಮೊದಲ ದಿನ ಇದು ಕೈಯನ್ನು ಬೆದರಿಸುತ್ತದೆ. ಮೂರನೆಯ ವಾರಕ್ಕೆ, ಇದೇ ನಿಜವಾದ ಹಾರಾಟವೆಂಬ ಆನಂದವನ್ನು ಕೊಡುತ್ತದೆ. ಇದರೊಡನೆ ಎಡಗೈ ಹೆಬ್ಬೆರಳಿಗೂ ಎಚ್ಚರ ಬರಬೇಕಾಗುತ್ತದೆ. ಮೂರು ಚಾನೆಲ್ಲಿನ ವಿಮಾನಗಳಲ್ಲಿ ರಡ್ಡರನ್ನು ಸಾಮಾನ್ಯವಾಗಿ ಬಲಗಡೆಯ ಕಡ್ಡಿಗೇ ಜೋಡಿಸಿರುವುದರಿಂದ, ಎಡ ಹೆಬ್ಬೆರಳು ಥ್ರಾಟಲನ್ನು ಏರಿಸಿ ಇಳಿಸುವುದರ ಹೊರತು ಮತ್ತೇನನ್ನೂ ಕಲಿತಿರುವುದಿಲ್ಲ. ನಾಲ್ಕು ಚಾನೆಲ್ಲಿನಲ್ಲಿ ರಡ್ಡರು ಆ ಎಡಗಡೆಗೆ ಹೋಗುತ್ತದೆ. ಏಲೆರಾನಿನಿಂದಲೇ ಎಲ್ಲವನ್ನೂ ತೂಗಿಸಿಕೊಂಡು ಎಡ ಹೆಬ್ಬೆರಳನ್ನು ಸೋಮಾರಿಯಾಗಿ ಬಿಟ್ಟವರು ಬಹಳ ಮಂದಿ ಇದ್ದಾರೆ. ಅಡ್ಡಗಾಳಿಯಲ್ಲಿ ಇಳಿಸುವ ದಿನ ಬಂದಾಗ ಅವರು ಪಡುವ ಕಷ್ಟವನ್ನು ನೋಡಿದ್ದೇನೆ.

ಈ ಕಲಿಕೆಗೆ ಒಪ್ಪುವ ಆಕಾರವನ್ನು ಅಮೆರಿಕದ ಫಿಲ್ ಕ್ರಾಫ್ಟ್ ಎಂಬವರು 1960ರ ದಶಕದಲ್ಲಿಯೇ ಕೊಟ್ಟುಹೋಗಿದ್ದಾರೆ. 1967ರಲ್ಲಿ ರೇಡಿಯೊ ನಿಯಂತ್ರಿತ ಕಸರತ್ತಿನ ಹಾರಾಟದಲ್ಲಿ ವಿಶ್ವಚಾಂಪಿಯನ್ ಆದ ಇವರು ರಚಿಸಿದ ‘ಅಗ್ಲಿ ಸ್ಟಿಕ್’ ಎಂಬ ವಿಮಾನಕ್ಕೆ, ಹೆಸರೇ ಹೇಳುವಂತೆ, ರೂಪದ ಹಂಬಲವಿಲ್ಲ: ಪೆಟ್ಟಿಗೆಯಂತಹ ಒಡಲು, ಅದರ ಹೆಗಲ ಮೇಲೆ ಬುಡದಿಂದ ತುದಿಯವರೆಗೆ ಒಂದೇ ಅಗಲದ, ದಪ್ಪನಾದ, ಮೇಲೂ ಕೆಳಗೂ ಸಮನಾಗಿ ಉಬ್ಬಿದ ರೆಕ್ಕೆ. ಒಂದೇ ಅಗಲದ ರೆಕ್ಕೆಯಲ್ಲಿ ಎತ್ತುಬಲವು ಬುಡದಲ್ಲಿಯೇ ಮೊದಲು ತಪ್ಪುವುದರಿಂದ, ವಿಮಾನವು ಪಕ್ಕಕ್ಕೆ ಮಗುಚದೆ ಮೂತಿಯನ್ನು ತಗ್ಗಿಸಿ ಎಚ್ಚರಿಸುತ್ತದೆ. ಆ ವಂಶದ ಫೋಮ್ ವಿಮಾನಗಳೂ ಬಾಲ್ಸಾ ವಿಮಾನಗಳೂ ಇಂದಿಗೂ ಬರುತ್ತಿವೆ. 1,200ರಿಂದ 1,400 ಮಿಲಿಮೀಟರ್ ರೆಕ್ಕೆಯುದ್ದ, 35ರಿಂದ 45ರ ಒಳಗಣ ಹೊರೆ, ನಾಲ್ಕು ಚಾನೆಲ್: ಇಷ್ಟು ದೊರೆತರೆ ಬಣ್ಣ ಯಾವುದಾದರೂ ಆಗಲಿ.

ಪೈಪರ್ ಕಬ್ ವಿಮಾನವನ್ನು ನೋಡಿದವರಿಗೆಲ್ಲ ಅದರ ಮೇಲೆ ಮನಸ್ಸಾಗುತ್ತದೆ. ಹಳದಿ ಮೈ, ಮೇಲ್ರೆಕ್ಕೆ, ಸಾಧುವಾದ ನೋಟ. ಆದರೆ ಅದರ ಉದ್ದನೆಯ ರೆಕ್ಕೆಯಲ್ಲಿ ಏಲೆರಾನ್ ಒತ್ತಿದಾಗ ಮೂತಿಯು ತಿರುವಿಗೆ ವಿರುದ್ಧವಾಗಿ ಎಳೆದುಕೊಳ್ಳುತ್ತದೆ, ರಡ್ಡರನ್ನು ಜೊತೆಗೂಡಿಸದಿದ್ದರೆ ತಿರುವು ಅಂದಗೆಡುತ್ತದೆ. ಬಾಲಗಾಲಿಯ ಕಾರಣ ನೆಲದ ಮೇಲೂ ಗಿರಕಿ ಹೊಡೆಯುವ ಸ್ವಭಾವ ಅದಕ್ಕುಂಟು. ಎಡ ಹೆಬ್ಬೆರಳನ್ನು ಪಳಗಿಸಬೇಕೆಂಬ ಸಂಕಲ್ಪವಿರುವವರಿಗೆ ಅದು ಉತ್ತಮ ಗುರು. ನೋಟಕ್ಕೆ ಮರುಳಾಗಿ ಕೊಳ್ಳುವವರಿಗಲ್ಲ. ಈಚೆಗೆ ಬಹುತೇಕ ವಿಮಾನಗಳಲ್ಲಿ ಬರುವ ಗೈರೊ ಸಾಧನವು ಗಾಳಿಯ ತೊನೆದಾಟವನ್ನು ಅಡಗಿಸಿಕೊಡುತ್ತದೆ. ಜೋರುಗಾಳಿಯ ದಿನ ನಾನೂ ಅದನ್ನು ಒಪ್ಪುತ್ತೇನೆ. ಕಲಿಯುವ ದಿನಗಳಲ್ಲಿ ಮಾತ್ರ ಅದನ್ನು ಆರಿಸುವ ಸ್ವಿಚ್ಚು ಟ್ರಾನ್ಸ್‌ಮಿಟರಿನ ಮೇಲೆ ಇರಲೇಬೇಕು. ಏಕೆಂದರೆ ರೆಕ್ಕೆಯು ಬಳಲುತ್ತಿರುವ ಸೂಚನೆಯನ್ನು ಗೈರೊ ನಮ್ಮಿಂದ ಮರೆಮಾಚುತ್ತದೆ. ಈಗಿರುವ ಬ್ಯಾಟರಿಯೇ, ಅಂದರೆ ಹಲವರ ಬಳಿ ಇರುವ ಮೂರು ಸೆಲ್ಲಿನ 2200ರ ಲಿಪೋ, ಹೊಸದಕ್ಕೂ ಒದಗಿದರೆ ಖರ್ಚು ತಗ್ಗುತ್ತದೆ.

ಎರಡು ವಾರ ಮೌನವಾಗಿದ್ದು, ಕಡೆಗೆ ನನ್ನ ಸೋದರಳಿಯನು ಕೊಂಡದ್ದು ಹೆಗಲರೆಕ್ಕೆಯ ಒಂದು ಫೋಮ್ ವಿಮಾನ: 1,300 ಮಿಲಿಮೀಟರ್ ಉದ್ದ, 230 ಅಗಲದ ರೆಕ್ಕೆ, ತೂಕ 1,200 ಗ್ರಾಂ, ಹೊರೆ ಸುಮಾರು 40. ನಗರದ ಸುತ್ತ ವಿಮಾನನಿಲ್ದಾಣಗಳಿರುವುದರಿಂದ ಅವುಗಳಿಂದ ಬಹುದೂರದ, ನೀರು ಬತ್ತಿದ ಒಂದು ಕೆರೆಯಂಗಳಕ್ಕೆ ಕಳೆದ ಭಾನುವಾರ ಬೆಳಕು ಹರಿಯುವ ಮೊದಲೇ ಹೋದೆವು. ರೆಕ್ಕೆಯ ಮುಂದಂಚಿನಿಂದ 64 ಮಿಲಿಮೀಟರ್ ಹಿಂದೆ, ಅಡಿಗಡೆ ಪೆನ್ಸಿಲಿನಿಂದ ಇಟ್ಟಿದ್ದ ಎರಡು ಚುಕ್ಕೆಗಳ ಮೇಲೆ ಎರಡು ತೋರುಬೆರಳಿಟ್ಟು ಆತನು ವಿಮಾನವನ್ನೆತ್ತಿದನು, ಬಾಲ ಕೆಳಗಾಯಿತು, ಬ್ಯಾಟರಿಯನ್ನು ಅರ್ಧ ಅಂಗುಲ ಮುಂದೆ ಸರಿಸಿದ ಮೇಲೆ ಮಟ್ಟವಾಗಿ ನಿಂತಿತು.

ಐವತ್ತು ಅರವತ್ತು ಮೀಟರ್ ಮೇಲೆ ಹೋದಾಗ, “ಥ್ರಾಟಲ್ ಪೂರ್ತಿ ತೆಗಿ, ಎಲಿವೇಟರನ್ನು ನಿಧಾನವಾಗಿ ಎಳಿ, ಏನು ಮಾಡುತ್ತದೋ ನೋಡು” ಎಂದೆ. ವಿಮಾನವು ಮೂತಿಯೆತ್ತಿ, ತೂಕಡಿಸುವಂತೆ ನಿಧಾನವಾಗಿ, ಒಂದು ಕ್ಷಣ ನಿಂತಂತೆ ತೋರಿ, ಯಾವ ಪಕ್ಕಕ್ಕೂ ಮಗುಚದೆ ನೇರವಾಗಿ ಮೂತಿ ತಗ್ಗಿಸಿತು. ಆತನು ಅದನ್ನು ಮೂರು ಬಾರಿ ಮಾಡಿ, ಯಾವ ಘಟ್ಟದಲ್ಲಿ ರೆಕ್ಕೆ ಸಡಿಲುತ್ತದೆಂಬುದನ್ನು ಕಣ್ಣಿಗೆ ಕಲಿಸಿಕೊಂಡನು. ಇಳಿಸುವ ಹೊತ್ತಿಗೆ ಪಶ್ಚಿಮದಿಂದ ಸ್ವಲ್ಪ ಗಾಳಿ ಎದ್ದಿತ್ತು. ಕೊನೆಯ ತಿರುವನ್ನು ಆತನು ಅಗಲವಾಗಿ, ಥ್ರಾಟಲನ್ನು ಇನ್ನೂ ಕೊಂಚ ಉಳಿಸಿಕೊಂಡು ತೆಗೆದುಕೊಂಡನು; ವಿಮಾನವು ನಮ್ಮೆದುರಿಗೆ ಬರುತ್ತ ಗಾಳಿಗೆ ಒಂದಿಷ್ಟು ಓರೆಯಾದಾಗ, ಪಕ್ಕದಲ್ಲಿ ನಿಂತಿದ್ದ ನನಗೆ ಆತನ ಎಡ ಹೆಬ್ಬೆರಳು ಭತ್ತದ ಕಾಳಿನಷ್ಟು ಬಲಕ್ಕೆ ಸರಿದುದು ಕಾಣಿಸಿತು.