ಶಿಬಿರದಲ್ಲಿ ಊರಿನ ಮಕ್ಕಳೂ ಇರಬೇಕು

ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಕ್ಯಾಂಪ್ ಎಂದರೆ ಮೈಸೂರು ಜಿಲ್ಲೆಯ ಹಳ್ಳಿಗಳಿಗೆ ಹೊಸತಲ್ಲ. ಸರ್ಕಾರಿ ಶಾಲೆಯ ಕೊಠಡಿಯಲ್ಲಿ ಸುತ್ತಿಟ್ಟ ಹಾಸಿಗೆಗಳು, ಅಂಗಳದಲ್ಲಿ ಧ್ವಜ, ಹಿತ್ತಲಲ್ಲಿ ದೊಡ್ಡ ಪಾತ್ರೆಗಳಲ್ಲಿ ಅನ್ನ ಸಾಂಬಾರು. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಮನೆಮನೆ ಸಮೀಕ್ಷೆ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಏಳು ದಿನವೂ ಹೆಚ್ಚುಕಡಿಮೆ ಇದೇ ಕ್ರಮ. ಹದಿನಾರು ಹದಿನೇಳು ವಯಸ್ಸಿನ ಪಿಯುಸಿ ಹುಡುಗ ಹುಡುಗಿಯರಲ್ಲಿ ಹಲವರು ಮನೆಯವರನ್ನು ಬಿಟ್ಟು ಇರುವುದು ಇಲ್ಲೇ ಮೊದಲು. ಶಿಬಿರ ಮುಗಿದ ಮೇಲೆ ಎಷ್ಟು ಮೀಟರ್ ಚರಂಡಿ ಸ್ವಚ್ಛವಾಯಿತು, ಎಷ್ಟು ಸಸಿ ನೆಟ್ಟರು ಎಂಬ ಲೆಕ್ಕ ವರದಿಗೆ ಸೇರುತ್ತದೆ. ನಾನು ಕೇಳಬೇಕೆಂದಿರುವುದು ಬೇರೆ: ಆ ಏಳು ದಿನ ಆ ಊರಿನ ಅದೇ ವಯಸ್ಸಿನ ಮಕ್ಕಳು ಎಲ್ಲಿದ್ದರು?

ಯೋಜನೆಯ ಆಶಯ ದೊಡ್ಡದು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ಹಳ್ಳಿಯಲ್ಲೊಂದು ವಿಶೇಷ ಶಿಬಿರ. ‘ನನಗಲ್ಲ, ನಿನಗೆ’ ಎಂಬ ಧ್ಯೇಯವಾಕ್ಯ. ಇದರಿಂದ ಆಗಿರುವ ಒಳ್ಳೆಯದನ್ನು ಮೊದಲು ಹೇಳಬೇಕು. ಬೇರೆ ಬೇರೆ ಜಾತಿಯ, ಬೇರೆ ಬೇರೆ ಅನುಕೂಲದ ಮನೆಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಉಂಡು, ಸರದಿಯಂತೆ ಪಾತ್ರೆ ತೊಳೆದು, ಒಂದೇ ಜಮಖಾನೆಯ ಮೇಲೆ ಮಲಗುತ್ತಾರೆ. ಕೈಗೆ ಮಣ್ಣು ಅಂಟಿಸಿಕೊಳ್ಳುವುದು ನಾಚಿಕೆಯಲ್ಲ ಎಂಬುದು ಅವರಿಗೆ ಮೈಯಿಂದಲೇ ತಿಳಿಯುತ್ತದೆ. ತರಗತಿಯ ಪಾಠದಿಂದ ಇದು ಸಿಗುವುದಿಲ್ಲ.

ಕೊರತೆ ಇರುವುದು ಶಿಬಿರಕ್ಕೂ ಊರಿಗೂ ನಡುವೆ. ಸಂಜೆ ಊರಿನವರು ಸಮೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಕೊಡುವವರು, ರಾತ್ರಿ ಚಪ್ಪಾಳೆ ತಟ್ಟುವ ಪ್ರೇಕ್ಷಕರು. ಅವರ ಮನೆಯ ಹದಿಹರೆಯದ ಮಕ್ಕಳು ದೂರ ನಿಂತು ನೋಡುತ್ತಾರೆ. ಒಂದೇ ವಯಸ್ಸಿನವರಲ್ಲಿ ಕೆಲವರು ಕೊಡುವವರು, ಉಳಿದವರು ಪಡೆಯುವವರು ಎಂಬ ಗೆರೆ ಯಾರೂ ಬಯಸದೆಯೇ ಬಿದ್ದುಬಿಡುತ್ತದೆ.

ಜಿಲ್ಲೆಯ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳಲ್ಲಿ ಆ ಗೆರೆಯಿಂದ ಆಗುವ ನಷ್ಟ ದೊಡ್ಡದು. ಇದು ಹೊಗೆಸೊಪ್ಪಿನ ಸೀಮೆ. ಮೊದಲ ಮೂರು ತಾಲ್ಲೂಕುಗಳ ರೈತರು ವರ್ಜೀನಿಯಾ ತಂಬಾಕನ್ನು ಬೆಳೆದು, ಎಲೆ ಬೇಯಿಸುವ ಬ್ಯಾರನ್‌ನಲ್ಲಿ ಸೌದೆ ಉರಿಸಿ ಹದ ಮಾಡಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುತ್ತಾರೆ. ಬೇಸಿಗೆಯಲ್ಲಿ ಸಸಿಮಡಿ, ಮೊದಲ ಮಳೆಗೆ ನಾಟಿ, ಆಮೇಲೆ ಎಲೆ ಮುರಿದು ಬೇಯಿಸುವ ನಿದ್ದೆಗೆಟ್ಟ ರಾತ್ರಿಗಳು. ತಂಬಾಕಿನ ದುಷ್ಪರಿಣಾಮದ ಬಗ್ಗೆ ಇಂಥ ಊರಲ್ಲಿ ಉಪನ್ಯಾಸವಿಟ್ಟು ಜಾಥಾ ಹೊರಡಿಸಿದರೆ, ಕೇಳುವ ಹುಡುಗನ ಕಾಲೇಜು ಫೀಸು ಅದೇ ಸೊಪ್ಪಿನಿಂದ ಬಂದಿರುತ್ತದೆ. ಉಪನ್ಯಾಸ ತಪ್ಪಲ್ಲ, ಆದರೆ ಅರ್ಧ. ಒದ್ದೆ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿದು ವಾಕರಿಕೆ, ತಲೆಸುತ್ತು ಬರುತ್ತದೆ. ಬ್ಯಾರನ್ನಿನ ಶಾಖವನ್ನು ಹಂತಹಂತವಾಗಿ ಏರಿಸದಿದ್ದರೆ ವರ್ಷದ ದುಡಿಮೆ ಹಾಳಾಗುತ್ತದೆ. ಸೌದೆಗೆ ಎಷ್ಟು ಮರ ಬೇಕು, ಬೇರೆ ಬೆಳೆಗೆ ಹೊರಳುವುದು ಯಾಕೆ ಸುಲಭವಲ್ಲ ಎಂಬುದನ್ನು ಹೇಳಬಲ್ಲವರು ಆ ಊರಿನ ಮಕ್ಕಳೇ. ಅವರನ್ನು ಶಿಬಿರದೊಳಗೆ ಕರೆದರೆ ಉಪನ್ಯಾಸ ಚರ್ಚೆಯಾಗುತ್ತದೆ. ಎರಡೂ ಕಡೆಯವರು ಕಲಿಯುತ್ತಾರೆ. ಕೆ.ಆರ್. ನಗರದ ನಾಲೆ ಬಯಲಿನ ಭತ್ತದ ಗದ್ದೆಗಳಲ್ಲೂ ಇದೇ ಮಾತು.

ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳ ವಿಷಯ ಇನ್ನೂ ಸೂಕ್ಷ್ಮ. ಕಬಿನಿ ಅಣೆಕಟ್ಟಿನಿಂದ, ಕಾಡಿನ ರಕ್ಷಣೆಯ ಹೆಸರಲ್ಲಿ ನೆಲೆ ಕಳೆದುಕೊಂಡ ಜೇನುಕುರುಬ, ಕಾಡುಕುರುಬ ಕುಟುಂಬಗಳು ಇಲ್ಲಿವೆ. ಹೊರಗಿನವರು ಬಂದು ಪಟ್ಟಿ ಬರೆದುಕೊಂಡು ಹೋಗುವುದು ಅವರಿಗೆ ಸಾಕಾಗಿದೆ. ಇಲ್ಲೇ ಮೂಡಿದ ಒಂದು ಉದಾಹರಣೆಯನ್ನು ನೆನೆಯಬೇಕು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಹಾಡಿಗಳ ನಡುವೆ ಬಂದು ನೆಲೆಯೂರಿತು. ಸರಗೂರಿನ ಆಸ್ಪತ್ರೆ, ಹೊಸಹಳ್ಳಿಯ ಶಾಲೆ ಅದರ ಫಲ. ಅವರೂ ಶುರುಮಾಡಿದಾಗ ವಿದ್ಯಾರ್ಥಿಗಳೇ. ವ್ಯತ್ಯಾಸ ಇಷ್ಟೇ, ಅವರು ಉಳಿದರು. ಪಿಯುಸಿ ಮಕ್ಕಳು ಉಳಿಯಲಾರರು, ನಿಜ. ಆದರೆ ಅದೇ ಊರಿಗೆ ಮತ್ತೆ ಮತ್ತೆ ಹೋಗಬಹುದು. ಜೇನು, ಗೆಡ್ಡೆ, ಆನೆಯ ದಾರಿ ಬಲ್ಲ ಹಾಡಿಯ ಹುಡುಗ ಒಂದು ದಿನ ಶಿಬಿರಕ್ಕೆ ಗುರುವಾದರೆ, ಶಾಲೆ ಬಿಟ್ಟವನೆಂದು ಎಲ್ಲೆಲ್ಲೂ ತಲೆತಗ್ಗಿಸಿದ ಅವನಿಗೂ ಅದು ಮರ್ಯಾದೆ.

ಹೊಸ ಜನರನ್ನು ಕಾಣಲು ಇಲ್ಲಿಯ ಮಕ್ಕಳು ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ, ಹುಣಸೂರಿನ ಗುರುಪುರದಲ್ಲಿ 1970ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅಲ್ಲಿಯ ಮೂರನೆಯ ತಲೆಮಾರಿನ ಮಕ್ಕಳು ಈ ನೆಲದಲ್ಲೇ ಹುಟ್ಟಿದವರು. ಅವರೊಡನೆ ಒಂದು ವಾರ ಒಟ್ಟಿಗೆ ಕೆರೆಯ ಹೂಳೆತ್ತಿದರೆ, ಬೈಲಕುಪ್ಪೆಯ ಸ್ವರ್ಣಮಂದಿರ ನೋಡಿ ಫೋಟೊ ತೆಗೆಸಿಕೊಂಡು ಬರುವ ಪ್ರವಾಸಕ್ಕಿಂತ ಹೆಚ್ಚು ತಿಳಿಯುತ್ತದೆ.

ಊರನ್ನು ಹೊರಗಿಟ್ಟ ಸೇವೆ ಬಾಳುವುದಿಲ್ಲ ಎಂಬುದಕ್ಕೆ ಶ್ರಮಶಿಬಿರಗಳ ಚರಿತ್ರೆಯ ಮೊದಲ ಅಧ್ಯಾಯವೇ ಸಾಕ್ಷಿ. ಸ್ವಿಟ್ಜರ್‌ಲೆಂಡಿನ ಪಿಯರ್ ಸೆರೆಸೋಲ್ 1920ರಲ್ಲಿ ಫ್ರಾನ್ಸಿನ ವೆರ್ಡನ್ ಬಳಿ ಯುದ್ಧದಲ್ಲಿ ನಾಶವಾದ ಎಸ್ನ್ ಎಂಬ ಹಳ್ಳಿಯನ್ನು ಕಟ್ಟಲು ಹೊರಟರು. ತಂಡದಲ್ಲಿ ಜರ್ಮನ್ನರೂ ಇದ್ದರು. ಉದ್ದೇಶ ಉದಾತ್ತವಾಗಿತ್ತು, ಆದರೆ ಸ್ಥಳೀಯವಾಗಿ ವಿರೋಧ ಎದುರಾಗಿ ಕೆಲವೇ ತಿಂಗಳಲ್ಲಿ ಕೆಲಸ ನಿಂತಿತು. ನಮ್ಮಲ್ಲಿ ಬೆಂಗಳೂರಿನವರಾದ ಎಸ್.ಎನ್. ಸುಬ್ಬರಾವ್ ತದ್ವಿರುದ್ಧ ದಾರಿ ತೋರಿಸಿದರು. ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿ, ದೇಶದ ಮೂಲೆಮೂಲೆಯ ಯುವಕರನ್ನು ಅಲ್ಲಿಗೆ ಕರೆತಂದು ಆ ಸೀಮೆಯ ಜನರೊಡನೆ ದುಡಿಸಿದರು. 1972ರಲ್ಲಿ ಡಕಾಯಿತರು ಜಯಪ್ರಕಾಶ ನಾರಾಯಣರ ಮುಂದೆ ಶಸ್ತ್ರ ಕೆಳಗಿಟ್ಟದ್ದು ಅದೇ ಜೌರಾದಲ್ಲಿ. ಹಾಗೆ ಶಸ್ತ್ರ ಕೆಳಗಿಡಿಸಿದ ನಂಬಿಕೆ ಒಂದು ವಾರದ ಭಾಷಣದಿಂದ ಹುಟ್ಟಿದ್ದಲ್ಲ.

ಹಾಗಾದರೆ ಏನು ಮಾಡಬಹುದು? ಶಿಬಿರದ ಅರ್ಧದಷ್ಟು ಜಾಗ ಊರಿನ ಹದಿಹರೆಯದವರಿಗೆ ಇರಲಿ, ಓದು ಬಿಟ್ಟವರಿಗೂ ಸೇರಿ. ಯಾವ ಕೆಲಸ ಎಂಬುದನ್ನು ಶಿಬಿರಕ್ಕೆ ಮೊದಲೇ ಅವರೊಡನೆ ಕೂತು ಗೊತ್ತುಮಾಡಲಿ. ಪ್ರಮಾಣಪತ್ರ ಅವರಿಗೂ ಸಿಗಲಿ. ಒಂದೇ ಊರಿಗೆ ಕನಿಷ್ಠ ಮೂರು ವರ್ಷ ಹೋಗಲಿ. ನಡುವೆ ಊರಿನ ಮಕ್ಕಳೂ ಕಾಲೇಜಿಗೆ ಅತಿಥಿಗಳಾಗಿ ಬರಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಈ ಒಡನಾಟ ಮುಂದುವರಿಯುವ ಜಾಗವಾಗಬಹುದು. ಶಿಬಿರಾರ್ಥಿಗಳು ಹೊಲಕ್ಕೆ ಇಳಿದಾಗ ಕೂಲಿಯವರ ಕೆಲಸ ಕಸಿಯದಂತೆ ಮಾತ್ರ ಎಚ್ಚರ ಬೇಕು. ಹೆಚ್ಚುವರಿ ಊಟದ ಖರ್ಚಿನ ಮಾತು ಬರುತ್ತದೆ. ಆದರೆ ತಮ್ಮ ಮಕ್ಕಳೂ ಇರುವ ಶಿಬಿರಕ್ಕೆ ಅಕ್ಕಿ, ರಾಗಿ, ತರಕಾರಿ ಕೊಡಲು ನಮ್ಮ ಹಳ್ಳಿಯವರು ಹಿಂದೆಗೆಯುವವರಲ್ಲ.

ಎನ್ನೆಸ್ಸೆಸ್ ಶಿಬಿರ ಉಳಿಯಬೇಕಾದ, ಬೆಳೆಯಬೇಕಾದ ಪದ್ಧತಿ. ಅದರ ಧ್ಯೇಯವಾಕ್ಯದ ‘ನಿನಗೆ’ ಎಂಬುದರಲ್ಲಿರುವ ಆ ‘ನೀನು’ ಯಾರೆಂದು ಶಿಬಿರಾರ್ಥಿಗೆ ಹೆಸರು ಹಿಡಿದು ಗೊತ್ತಿರಬೇಕು. ಮುಂದಿನ ಶಿಬಿರದ ವರದಿಯಲ್ಲಿ ಚರಂಡಿಯ ಉದ್ದದ ಜೊತೆಗೆ, ಊರಿನ ಎಷ್ಟು ಮಕ್ಕಳು ಶಿಬಿರಾರ್ಥಿಗಳಾಗಿದ್ದರು ಎಂಬ ಸಾಲನ್ನೂ ಕಾಲೇಜುಗಳು ಬರೆಯಲಿ. ಶಿಬಿರ ಗೆದ್ದಿತೋ ಸೋತಿತೋ ಎಂದು ಆ ಸಾಲೇ ಹೇಳುತ್ತದೆ.